ಜಿಂಕೆಗೆ ಗುದ್ದಿದ ಸಾಕ್ಷಿ

ಅಥವಾ ಅದು ಹನೂರಿನ ದಾರಿಯೇ ಇದ್ದಿರಬಹುದು. ಭಾವ ಸಾಯುವವರೆಗೂ ಹಾಗೆಯೇ ಹೇಳುತ್ತಿದ್ದರು: ಹನೂರು ದಾಟಿ, ಮಾದಪ್ಪನ ಬೆಟ್ಟದ ಕಡೆ ಕಾಡು ಶುರುವಾಗುವಲ್ಲಿ. ನನಗೆ ಕಾಣುವುದು ಬಿಳಿಗಿರಿರಂಗನ ಬೆಟ್ಟದಿಂದ ಯಳಂದೂರಿಗೆ ಇಳಿಯುವ ರಸ್ತೆ. ಒಂದು ಪಕ್ಕ ಬಿದಿರು ಮೆಳೆ, ಇನ್ನೊಂದು ಪಕ್ಕ ಇಳಿಜಾರು. ಆದರೆ ಬಿದಿರೂ ಇಳಿಜಾರೂ ಎರಡು ದಾರಿಯಲ್ಲೂ ಇವೆ. ಕಣ್ಣಿಗೆ ಕಟ್ಟಿದಂತಿದೆ ಎಂದು ಹೇಳುವವರನ್ನು ನಾನು ನಂಬುವುದಿಲ್ಲ. ನನ್ನನ್ನೂ ಸೇರಿಸಿ.

ಭಾವನ ಬಾಯಲ್ಲಿ ನಮ್ಮ ಗಾಡಿಗೆ ಸಿಕ್ಕ ಆ ಪ್ರಾಣಿ ವರ್ಷವರ್ಷವೂ ಬೆಳೆಯಿತು. ಮೊದಲು ಜಿಂಕೆಯಾಗಿತ್ತು, ಆಮೇಲೆ ದೊಡ್ಡ ಜಿಂಕೆ. ನನ್ನ ಅಕ್ಕನ ಎರಡನೇ ಮಗಳ ಮದುವೆಯ ಹೊತ್ತಿಗೆ ಕೊಂಬು ಬಂದು ಕಡವೆಯೇ ಆಗಿಬಿಟ್ಟಿತ್ತು. "ನಮ್ ಬಾಮೈದ ಮೇಷ್ಟ್ರು ಕೋವಿ ಇಲ್ದೆ ಕಡವೆ ಕೆಡವ್ದೋನು ಕಣ್ರಪ್ಪಾ!" ಎಂದು ಊಟದ ಪಂಕ್ತಿಯಲ್ಲಿ ಕೂಗುತ್ತಿದ್ದರು. ಪಂಕ್ತಿಗೆ ಪಂಕ್ತಿಯೇ ನಗುತ್ತಿತ್ತು. ನಾನೂ ನಗುತ್ತಿದ್ದೆ. ಆ ಕಥೆಯಲ್ಲಿ ಇಬ್ಬರು ಮನುಷ್ಯರು, ಒಂದು ಮೋಟಾರು ಸೈಕಲ್ಲು, ಒಂದು ಪ್ರಾಣಿ. ಅಷ್ಟೇ. ಮೂರನೆಯ ಮನುಷ್ಯ ಆ ಕಥೆಯಲ್ಲಿ ಒಂದು ಸಲವೂ ಬರಲಿಲ್ಲ. ಈಗ ಇದನ್ನು ಬರೆಯುತ್ತಿರುವುದು ಆ ನಗುವಿನ ಮೇಲಿನ ಸಿಟ್ಟಿನಿಂದ. ನೆನಪಿನ ಸುಖಕ್ಕಲ್ಲ.

ನಾನಾಗ ಕೊಳ್ಳೇಗಾಲದಲ್ಲಿ ಮಿಡಲ್ ಸ್ಕೂಲ್ ಮೇಷ್ಟ್ರು. ಭಾವ, ಎಂದರೆ ಅಕ್ಕನ ಗಂಡ, ಗದ್ದೆಯಿದ್ದವರು, ರೇಷ್ಮೆ ವ್ಯಾಪಾರ ಬೇರೆ. ಯಾರದೋ ಕೈಯಿಂದ ಹಳೆಯ ಮೋಟಾರು ಸೈಕಲ್ಲು ಕೊಂಡಿದ್ದರು. ಕೊಂಡರೇ ಹೊರತು ಓಡಿಸುವ ಧೈರ್ಯ ಅವರಿಗೆ ಬರಲಿಲ್ಲ. ಸ್ಕೂಲಿನ ಮೈದಾನದಲ್ಲಿ ಹದಿನೈದು ದಿನ ಸುತ್ತು ಹೊಡೆದು ನಾನು ಕಲಿತೆ. ಲೈಸೆನ್ಸ್ ಇರಲಿಲ್ಲ. ಯಾರೂ ಕೇಳುತ್ತಿರಲಿಲ್ಲ. ಶಿವರಾತ್ರಿ ಕಳೆದ ಮೇಲೆ ಒಂದು ದಿನ ಬೆಟ್ಟಕ್ಕೆ ಹೋಗಿ ಗಾಡಿಗೆ ಪೂಜೆ ಮಾಡಿಸಿ, ಛತ್ರದಲ್ಲಿ ಮಲಗಿ, ಮಾರನೆಯ ಬೆಳಿಗ್ಗೆ ಇಳಿಯುತ್ತಿದ್ದೆವು. ಹ್ಯಾಂಡಲಿಗೆ ಚೆಂಡುಹೂವಿನ ಹಾರ ಇತ್ತು. ಯಾವ ಬೆಟ್ಟ ಅನ್ನುವುದಷ್ಟೇ ನನಗೂ ಭಾವನಿಗೂ ತಕರಾರು.

ಮೊದಲ ಕರಡಿನಲ್ಲಿ ನಾನು ಮಂಜು ಎಂದು ಬರೆದೆ. 'ದಟ್ಟ ಮಂಜಿನಲ್ಲಿ ಏನೂ ಕಾಣುತ್ತಿರಲಿಲ್ಲ.' ಆಮೇಲೆ ಹೊಡೆದುಹಾಕಿದೆ. ಕಾಡಿಗೆ ಬೆಂಕಿ ಬೀಳುವ ಕಾಲ ಅದು, ಎಲೆಯೆಲ್ಲ ಒಣಗಿ ಗಲಗಲ ಅನ್ನುತ್ತಿತ್ತು. ಎಲ್ಲಿಯ ಮಂಜು? ಅದು ಬೇಕಾಗಿದ್ದುದು ನನಗೆ. ಬಿಸಿಲು ಚೆನ್ನಾಗಿ ಬಿದ್ದಿತ್ತು. ಹೆಣ್ಣು ಜಿಂಕೆ, ಕೊಂಬಿಲ್ಲದ್ದು, ರಸ್ತೆಯ ಅಂಚಿನಲ್ಲಿ ನಿಂತಿತ್ತು. ನಾನು ಕಂಡೆ. ಹಾರನ್ ಒತ್ತಿದೆ. ಅದು ಹಾರಿ ಆಚೆ ಹೋಯಿತು, ನಾನು ವೇಗ ತಗ್ಗಿಸಲಿಲ್ಲ. ಆಚೆ ಹೋದದ್ದು ಏನು ಕಂಡಿತೋ, ತಿರುಗಿ ಈಚೆಗೇ ಹಾರಿತು. ಮುಂದಿನ ಚಕ್ರ ಅದರ ಸೊಂಟಕ್ಕೆ ಬಡಿಯಿತು.

ಗಾಡಿ ಉರುಳಿ ನನ್ನ ಮೊಣಕಾಲಿನ ಚರ್ಮ ಕಿತ್ತುಹೋಯಿತು. ಭಾವ ಲಂಟಾನದ ಪೊದೆಯಲ್ಲಿದ್ದರು. ಅಲ್ಲಿಂದಲೇ ಕೂಗಿದರು, "ಗಾಡಿ ನೋಡಯ್ಯ ಮೊದ್ಲು, ಗಾಡಿ!"

ಜಿಂಕೆ ಸತ್ತಿರಲಿಲ್ಲ. ಮುಂಗಾಲೆರಡನ್ನು ಊರಿ ಏಳುತ್ತಿತ್ತು, ಹಿಂದಿನ ಅರ್ಧ ಮೈ ಬರುತ್ತಿರಲಿಲ್ಲ, ಮತ್ತೆ ಬೀಳುತ್ತಿತ್ತು. ಜಿಂಕೆ ಕೂಗುತ್ತದೆಂದು ನನಗೆ ಗೊತ್ತಿರಲಿಲ್ಲ. ಅದು ಹೇಗೆ ಕೂಗಿತು ಅನ್ನುವುದಕ್ಕೆ ಹೋಲಿಕೆ ಹುಡುಕುವುದಿಲ್ಲ.

ಆಗ ಅವನು ಬಂದ. ಮೂವತ್ತು ದಾಟಿದ ಸೋಲಿಗರವನು, ಹೆಗಲ ಮೇಲೊಂದು ಟವೆಲ್ಲು, ಕೈಯಲ್ಲಿ ಮಚ್ಚು. ಬೆಂಕಿ ದಾಟದಂತೆ ರಸ್ತೆ ಬದಿಯ ಹುಲ್ಲು ಸವರುತ್ತಿದ್ದನಂತೆ, ಸದ್ದು ಕೇಳಿ ಓಡಿಬಂದಿದ್ದ.

"ಯಾರ್ಲಾ ನೀನು?" ಅಂದರು ಭಾವ.

"ಬೆಂಕಿ ಕಾವಲ್ನೋನು ಬುದ್ಧಿ. ದಿನಗೂಲಿ. ಈ ಮುಂಗಾರ್ಗೆ ವಾಚರ್ ಮಾಡ್ಕತೀವಿ ಅಂದವ್ರೆ. ಕಾಕಿ ಅಂಗಿ ಕೊಡ್ತರಂತೆ." ಅಂಗಿಯ ಮಾತು ಬರುವಾಗ ಅವನು ನಕ್ಕ. ನಗಬಾರದ ಹೊತ್ತೆಂದು ಗೊತ್ತಾಗಿ ತಕ್ಷಣ ನಿಲ್ಲಿಸಿ ಜಿಂಕೆಯ ಕಡೆ ನೋಡಿದ.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ನಾವು ಲಿಂಗ ಕಟ್ಟಿದವರು. ಹಟ್ಟಿಗೆ ಹಾವು ಬಂದರೆ ನಾವು ಹೊಡೆಯುತ್ತಿರಲಿಲ್ಲ, ಓಡಿಹೋಗಿ ಹೊರಗಿನ ಯಾರನ್ನಾದರೂ ಕರೆತರುತ್ತಿದ್ದೆವು. ಹುಚ್ಚುನಾಯಿ ಬಂದರೂ ಹಾಗೇ. ಅವನು ಹೊಡೆಯುವಾಗ ಮನೆಯವರೆಲ್ಲ ಬಾಗಿಲು ಹಾಕಿಕೊಂಡು ಒಳಗಿರುತ್ತಿದ್ದರು. ಆಮೇಲೆ ಅವ್ವ ಹೊರಗೆ ಬಂದು ಮೊರದಲ್ಲಿ ಒಂದಿಷ್ಟು ರಾಗಿ ಸುರಿದು, "ಪಾಪ ನಿಂಗೇ ಕಣಪ್ಪ, ನಮ್ದೇನಿಲ್ಲ" ಅನ್ನುತ್ತಿದ್ದಳು. ನಗುತ್ತಲೇ ಅನ್ನುತ್ತಿದ್ದಳು. ಅವನೂ ನಗುತ್ತಲೇ ಸೆರಗೊಡ್ಡಿದಂತೆ ಟವೆಲ್ ಒಡ್ಡುತ್ತಿದ್ದ. ಹೀಗೆ ನಮ್ಮ ಕೈ ಶುದ್ಧವಾಗಿ ಉಳಿದಿತ್ತು, ಹಲವು ತಲೆಮಾರು. ಕೊಲ್ಲದವರು ಎಂದು ನಮಗೆ ಹೆಸರಿತ್ತು. ಕೊಲ್ಲಿಸುವವರಿಗೆ ನಮ್ಮ ಭಾಷೆಯಲ್ಲಿ ಬೇರೆ ಹೆಸರಿರಲಿಲ್ಲ.

"ನಳ್ಳಾಡ್ತದಲ್ಲೋ, ಅದಕ್ಕೊಂದು ಗತಿ ಕಾಣ್ಸು," ಅಂದರು ಭಾವ.

"ನಾ ಮುಟ್ಟಂಗಿಲ್ಲ ಬುದ್ಧಿ. ಗಾರ್ಡ್ ಸಾ ಕಂಡ್ರೆ ನನ್ ಕೆಲ್ಸ ಓಯ್ತದೆ."

"ನಾವಿವಿ ಕಣ್ಲಾ. ನಾವ್ ಯೋಳ್ತೀವಿ. ಲಿಂಗ ಕಟ್ಟಿರೋ ಕೈಲಿ ಮಚ್ಚು ಇಡ್ಸೀಯಾ?"

ಅವನು ಭಾವನನ್ನು ಬಿಟ್ಟು ನನ್ನ ಕಡೆ ನೋಡಿದ. ಇದು ಖಚಿತ. ಆಮೇಲೆ ಒಂದು ಮಾತು ಬಂತು: "ಕುಯ್ಯಿ." ಯಾರ ಬಾಯಿಂದ ಬಂತು? ಬಹಳ ವರ್ಷ ಅದನ್ನು ಭಾವನ ದನಿಯಲ್ಲೇ ಕೇಳಿಸಿಕೊಂಡಿದ್ದೇನೆ. ಆದರೆ ಭಾವ ಒಂದೇ ಶಬ್ದದಲ್ಲಿ ಮಾತಾಡಿದ ಮನುಷ್ಯರಲ್ಲ. ಒಂದೇ ಶಬ್ದದಲ್ಲಿ ಅಪ್ಪಣೆ ಕೊಡುವುದು ಮೇಷ್ಟ್ರ ಚಾಳಿ. ಕೂರು. ಏಳು. ಓದು.

ಅವನು ಜಿಂಕೆಯ ಕಣ್ಣಿನ ಮೇಲೆ ಎಡಗೈ ಇಟ್ಟ. ಭಾವ ಬೆನ್ನು ತಿರುಗಿಸಿ ನಿಂತರು. ನಾನೂ ತಿರುಗಿದೆ. ಕೂಗು ನಿಂತಿತು. ಆಮೇಲೆ ಅವನು ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು, ತನ್ನ ಟವೆಲ್ಲಿನಿಂದ ನನ್ನ ಮೊಣಕಾಲಿನ ರಕ್ತ ಒರೆಸಿ, ಅದರ ಅಂಚನ್ನೇ ಹರಿದು ಗಾಯಕ್ಕೆ ಬಿಗಿದ. "ಬುಗುರಿ ತಿರ್ಗುಸ್ದಂಗೆ ತಿರ್ಗುಸ್ಬುಟ್ರಿ ಬುದ್ಧಿ ಗಾಡಿಯ," ಅಂದ. ನಾನು ನಕ್ಕೆ. ಆ ಬೆಳಿಗ್ಗೆ ನನ್ನನ್ನು ಮುಟ್ಟಿದ್ದು ಅವನೊಬ್ಬನೇ.

ಸೈಕಲ್ಲಿನಲ್ಲಿ ಫಾರೆಸ್ಟ್ ಗಾರ್ಡು ಬಂದ. ಅವನು ಕಂಡದ್ದಿಷ್ಟು: ಕತ್ತು ಕೊಯ್ದ ಜಿಂಕೆ, ರಕ್ತದ ಮಚ್ಚು ಹಿಡಿದ ಸೋಲಿಗ, ಬಿಳಿ ಪಂಚೆಯ ಸಾವ್ಕಾರರು, ಹೂವಿನ ಹಾರದ ಗಾಡಿ. ಅವನು ದಡ್ಡನಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಅವನು ಗಾಡಿಯ ಸುತ್ತ ಒಂದು ಸುತ್ತು ಬಂದ. ನುಗ್ಗಾದ ಮಡ್‌ಗಾರ್ಡಿಗೆ ಅಂಟಿದ್ದ ನಾಲ್ಕು ಕಂದು ಕೂದಲನ್ನು ಎರಡು ಬೆರಳಿನಲ್ಲಿ ಕಿತ್ತು ಗಾಳಿಗೆ ಬಿಟ್ಟ. "ಊರ್ಗೆ ಓದೇಟ್ಗೆ ಗಾಡಿ ತೊಳುಸ್ಬುಡಿ ಯಜಮಾನ್ರೆ," ಅಂದ.

"ನಾವ್ ಬರೋವೊತ್ಗೆ ಬಿದ್ದಿತ್ತು. ಇವ್ರು ಕೊಳ್ಳೇಗಾಲದ್ ಸ್ಕೂಲ್ ಮೇಷ್ಟ್ರು," ಅಂದರು ಭಾವ. ಯಾರೂ ಕೇಳಿರಲಿಲ್ಲ.

"ಇರ್ಲಿ ಬುಡಿ. ಪಂಚಾಯ್ತರು ಸಿಕ್ಕುದ್ರಲ್ಲ, ಓದ್ದೋರು, ಅದೇ ದೊಡ್ದು. ಇಲ್ಲಿ ರುಜು ಆಕಿ ಮೇಷ್ಟ್ರೇ, ಮಾಜರ್ ನಾನು ಆಮೇಲೆ ತುಂಬ್ಕತೀನಿ."

ನಮ್ಮ ಕಡೆ ಮಹಜರು ಎಂದರೆ ಹಾಗೇ. ಮೊದಲು ಪಂಚಾಯ್ತರ, ಅಂದರೆ ಸಾಕ್ಷಿಗಳ, ರುಜು, ಆಮೇಲೆ ನಡೆದದ್ದು. ಜಮೀನಿನ ಗಡಿಗೂ ಕಳವಿಗೂ ಸಾವಿಗೂ ಊರಿನ ಓದಿದವರು ಬರಿ ಹಾಳೆಯ ಕೆಳಗೆ ರುಜು ಹಾಕಿ ಎದ್ದುಹೋಗುತ್ತಿದ್ದರು. ಓದಿ ನೋಡುತ್ತೇನೆ ಅನ್ನುವುದು ಬರೆಯುವವನಿಗೆ ಅವಮಾನ. ಮರ್ಯಾದಸ್ಥರು ಹಾಗೆ ಮಾಡುತ್ತಿರಲಿಲ್ಲ. ನಾನು ಮರ್ಯಾದಸ್ಥ. ಗಾಡಿಯ ಸೀಟಿನ ಮೇಲೆ ಹಾಳೆ ಇಟ್ಟು ರುಜು ಹಾಕಿದೆ. ಗುದ್ದಿದವನು ಸಾಕ್ಷಿಯಾದೆ.

"ಮೇಷ್ಟ್ರೇ, ಯೋಳಿ ಸಾ," ಅಂದ ಸೋಲಿಗರವನು. ಜೋರಾಗಿ ಅಲ್ಲ. ಅಂಗಡಿಯಲ್ಲಿ ಚಿಲ್ಲರೆ ಮರೆತವರಿಗೆ ನೆನಪಿಸುವ ಹಾಗೆ.

ನಾನು ಬಾಯಿ ತೆರೆದೆ. ಭಾವ ಗಾಡಿ ನೂಕು ಅಂದರು. ನೂಕಿದೆ.

ಬರಿ ಹಾಳೆಗೆ ರುಜು ಹಾಕಿದೆ ಎಂದು ಮೇಲೆ ಬರೆದೆನಲ್ಲ, ಇಷ್ಟು ವರ್ಷ ನಾನು ನನಗೆ ಹೇಳಿಕೊಂಡದ್ದೂ ಅದೇ. ಆದರೆ ಆ ಮಹಜರಿನಲ್ಲಿ 'ರಕ್ತದ ಕಲೆಯುಳ್ಳ ಟವೆಲ್ಲು ಒಂದು' ಎಂಬ ಸಾಲಿತ್ತು, ಅದು ನನಗೆ ಗೊತ್ತು. ಜಿಂಕೆಯ ರಕ್ತ ಎಂದು ಬರೆದಿದ್ದರು. ಅದು ನನ್ನ ಮೊಣಕಾಲಿನ ರಕ್ತ. ಹಾಳೆ ಬರಿದಾಗಿದ್ದರೆ ಈ ಸಾಲು ನನಗೆ ಹೇಗೆ ಗೊತ್ತು? ಆ ಮಹಜರನ್ನು ನಾನು ಆಮೇಲೆ ಎಂದೂ ನೋಡಿಲ್ಲ. ಹಾಗಾದರೆ ಓದಿಯೇ ರುಜು ಹಾಕಿದ್ದೇನೆ. ಬರಿ ಹಾಳೆ ಆಮೇಲೆ ನಾನು ಹೊಲಿದುಕೊಂಡ ಅಂಗಿ. ಇದು ಹೊಳೆದದ್ದು ಈ ಪುಟ ಬರೆಯುವಾಗ, ಈ ಪ್ಯಾರಾದ ಎರಡನೇ ಸಾಲಿನಲ್ಲಿ. ಮೇಲಿನದನ್ನು ತಿದ್ದುವುದಿಲ್ಲ. ಸುಳ್ಳು ಎಷ್ಟು ಸಲೀಸಾಗಿ ಬಂತು ಎಂದು ಓದುವವರಿಗೂ ಕಾಣಲಿ.

ಜೂನಿನಲ್ಲಿ ಸ್ಕೂಲು ತೆರೆದ ಮೇಲೆ ಒಂದು ಶುಕ್ರವಾರ ಜವಾನ ತರಗತಿಯ ಬಾಗಿಲಿಗೆ ಬಂದು, "ಯಾರೋ ಕಾಡ್ನೋನು ಬಂದವ್ನೆ ಸಾ, ನಿಮ್ಮನ್ನೇ ಕೇಳ್ತಾನೆ," ಅಂದ. ಗೇಟಿನ ಆಚೆ ನಿಂತಿದ್ದ. ಒಳಗೆ ಬಾ ಎಂದರೂ ಬರಲಿಲ್ಲ.

"ಮಣಕಾಲು ವಾಸಿಯಾಯ್ತಾ ಬುದ್ಧಿ?"

ಮೊದಲ ಮಾತು ಅದು. ಹಂಗಿಸಿದನೋ ಎಂದು ಮುಖ ನೋಡಿದೆ. ಇಲ್ಲ, ನಿಜವಾಗಿ ಕೇಳುತ್ತಿದ್ದ.

"ವಾಚರ್ ಪಟ್ಟೀಲಿ ನನ್ನೆಸ್ರು ಮೊದ್ಲಿತ್ತು. ಒಡುದ್ ಆಕವ್ರೆ. ಬ್ಯಾಟೆ ಆಡ್ದೋನ್ಗೆ ಎಂಗ್ಲಾ ಕೊಡದು ಅಂತರೆ. ನೀವೊಂದು ಕಾಗ್ದ ಬರ್ಕೊಡಿ ಸಾ, ಗಾಡಿ ಗುದ್ದಿತ್ತು, ಅದು ಬದ್ಕದಿಲ್ಲ ಅಂತ ನೀವು ಯೋಳುದ್ಮೇಲೆ ಇವ್ನು ಕುಯ್ದ ಅಂತ. ಸಾಯೇಬ್ರು ನೋಡ್ತೀನಿ ಅಂದವ್ರೆ. ಮೇಷ್ಟ್ರು ಬರ್ದದ್ದು ಅಂದ್ರೆ ನಂಬ್ತರೆ."

"ಸೋಮವಾರ ಬಾ," ಅಂದೆ. "ಬರೆದಿಟ್ಟಿರ್ತೀನಿ."

"ಸೋಮಾರ ತಪ್ದೆ ಬತ್ತೀನಿ."

ಭಾನುವಾರ ಅಕ್ಕನ ಮನೆಗೆ ಹೋದೆ. ಯಾಕೆ ಹೋದೆ? ಬೇಡ ಅನ್ನಿಸಿಕೊಳ್ಳುವುದಕ್ಕೆ. ಭಾವ ಬೇಡ ಅನ್ನಲಿಲ್ಲ. "ಬರ್ಕೊಡಯ್ಯ, ದಂಡಿಯಾಗಿ ಬರ್ಕೊಡು. ಲೈಸೆನ್ಸ್ ಇಲ್ದೆ ಓಡುಸ್ದೆ ಅಂತಾನೂ ಬರಿ. ಸುಳ್ ಮಾಜರ್ಗೆ ರುಜು ಆಕ್ದೆ ಅಂತಾನೂ ಬರಿ. ಸರ್ಕಾರಿ ಮೇಷ್ಟ್ರು, ಅಕ್ಸರ ಬೇರೆ ಮುತ್ತಿನಂಗವೆ."

ಅಕ್ಕ ರೊಟ್ಟಿ ತಟ್ಟುತ್ತ, "ಕುಯ್ದೋನು ಅವ್ನಲ್ವೇನೋ, ಪಾಪ ಅವ್ನಿಗೇ ಓಯ್ತದೆ ಬುಡು," ಅಂದಳು. ಅವ್ವನ ದನಿ, ಅವ್ವನ ಮೊರ.

ನಾನು ಬರೆದೆ. ಭಾನುವಾರ ಸಂಜೆ, ನನ್ನ ಕೋಣೆಯಲ್ಲಿ, ಹತ್ತು ಸಾಲು. ಬರೆದದ್ದು ಖಚಿತ, ಏಕೆಂದರೆ ಹರಿದದ್ದು ನೆನಪಿದೆ.

ಸೋಮವಾರ ರಜೆ ಹಾಕಿದೆ. ರಜೆಯ ಚೀಟಿಯಲ್ಲಿ ಜ್ವರ ಎಂದು ಬರೆದು ಪಕ್ಕದ ಮನೆಯವರ ಕೈಲಿ ಕಳಿಸಿದೆ. ಜ್ವರ ಇತ್ತೋ ಇಲ್ಲವೋ ಹೇಳಲಾರೆ. ಮೈ ಬಿಸಿಯಿತ್ತು ಎಂದು ಈಗಲೂ ಅನ್ನಿಸುತ್ತದೆ, ಹಾಗೆ ಅನ್ನಿಸುವುದಕ್ಕೆ ಕಾರಣ ಎಲ್ಲರಿಗೂ ಗೊತ್ತು. ಮಂಗಳವಾರ ಸ್ಕೂಲಿಗೆ ಹೋದೆ. ಜವಾನ ಗಂಟೆಯ ಹತ್ತಿರ ನಿಂತಿದ್ದ. ನನ್ನನ್ನು ನೋಡಿದ, ಏನೋ ಹೇಳಲು ಹೊರಟಂತೆ ಕಂಡಿತು. ನಾನು ನಿಲ್ಲದೆ ಒಳಗೆ ಹೋಗಿ ಹಾಜರಿ ಕರೆದೆ.

ಆ ಜವಾನನ ಜೊತೆ ಇನ್ನೂ ಆರು ವರ್ಷ ಅದೇ ಸ್ಕೂಲಿನಲ್ಲಿದ್ದೆ. ಒಂದು ಸಲವೂ ಕೇಳಲಿಲ್ಲ. ಬೆಟ್ಟಕ್ಕೂ ಆಮೇಲೆ ಹೋಗಲಿಲ್ಲ, ಯಾವ ಬೆಟ್ಟಕ್ಕೂ. ಅವನಿಗೆ ಖಾಕಿ ಅಂಗಿ ಸಿಕ್ಕಲಿಲ್ಲ ಅಂತಲೇ ಅಂದುಕೊಂಡಿದ್ದೇನೆ, ಅದಕ್ಕೂ ಆಧಾರವಿಲ್ಲ.

ಆ ಸೋಮವಾರ ಅವನು ಗೇಟಿನ ಹತ್ತಿರ ಬಂದಿದ್ದನೋ, ಬಂದು ಎಷ್ಟು ಹೊತ್ತು ನಿಂತಿದ್ದನೋ, ನನಗೆ ಗೊತ್ತಿಲ್ಲ.