ಮೈದುನನ ಪಾಲು

ಮೇವಿಸ್ ಕೂಗಾಡುವ ಹೆಂಗಸಲ್ಲ. ಕೊಳವೆಬಾವಿಯ ಸುತ್ತ ಬೆಳೆದ ನಮ್ಮ ಏಳನೇ ಬೋರ್ ಅನ್ನುವ ಊರಿನಲ್ಲಿ ಕೂಗಾಡುವವರಿಗೇನೂ ಬರವಿಲ್ಲ. ಬೆಳಿಗ್ಗೆ ಒಬ್ಬರ ಜುಟ್ಟು ಇನ್ನೊಬ್ಬರು ಹಿಡಿದು ಸಂಜೆ ಒಂದೇ ಬೆಂಕಿಯ ಮುಂದೆ ಕೂತು ಚಹಾ ಕುಡಿಯುತ್ತಾರೆ. ಮೇವಿಸ್ ಸಿಟ್ಟಾದರೆ ಕೆಂಡದ ಮೇಲೆ ಬೂದಿ ಮುಚ್ಚಿದ ಹಾಗೆ ಮುಚ್ಚಿ ಇಡುತ್ತಾಳೆ. ಹಾವಿನ ದ್ವೇಷ ಹನ್ನೆರಡು ವರುಷ ಅಂತ ಗಾದೆ ಕಟ್ಟಿದವರು ಅವಳನ್ನು ನೋಡಿರಲಿಲ್ಲ, ಅಷ್ಟೇ.

ಅರವತ್ತು ದಾಟಿದ ಒಣಕಲು ಮೈ, ಕೈಯಲ್ಲಿ ಮೊಂಡಾದ ಒಂದು ಕಬ್ಬಿಣದ ಹಾರೆ. ಕೆಂಪು ಮರಳಿನ ಮೇಲೆ ಉಡದ ಬಾಲ ಎಳೆದ ಗೆರೆ ಕಂಡರೆ ಸಾಕು, ಅದು ಇವತ್ತಿನದೋ ನಿನ್ನೆಯದೋ, ಹೊಟ್ಟೆ ತುಂಬಿದ್ದೋ ಹಸಿದದ್ದೋ ಹೇಳುತ್ತಿದ್ದಳು. ಜೊತೆಗೆ ಎರಡು ನಾಯಿಗಳು. ಸಾರ್ಜೆಂಟ್ ಅಟ್ಟಿಸಿಕೊಂಡು ಹೋಗುವವನು, ಜಿಂಜರ್ ಅಡ್ಡಗಟ್ಟುವವಳು. ಆ ಎರಡರ ನಡುವೆ ಸಿಕ್ಕಿದ ಕಾಂಗರೂ ಮನೆಗೆ ಬಂತು ಅಂತಲೇ ಲೆಕ್ಕ.

ಇದೆಲ್ಲ ಗಂಡನಿಗಾಗಿ. ಅವನ ಹೆಸರು ನಾನು ಹೇಳುವುದಿಲ್ಲ. ಹೋದವರ ಹೆಸರು ಎತ್ತುವುದು ನಮ್ಮಲ್ಲಿಲ್ಲ. ಅವನ ಹೃದಯ ಸೋತಿತ್ತು. ಆಸ್ಪತ್ರೆಯ ನರ್ಸ್ ಜೋಸೆಫಿನ್ ಮೇವಿಸಳನ್ನು ಕೂರಿಸಿಕೊಂಡು ಹೇಳಿದ್ದಳು: "ಉಪ್ಪು ಇವರಿಗೆ ವಿಷ. ಉಪ್ಪು ತಿಂದ್ರೆ ಕಾಲಲ್ಲಿ ನೀರು ತುಂಬ್ಕೊಳ್ಳುತ್ತೆ, ಆಮೇಲೆ ಶ್ವಾಸಕೋಶದಲ್ಲಿ. ನಿಮ್ಮ ಕಾಡಿನ ಮಾಂಸಾನೇ ಕೊಡಿ. ಅದ್ರಲ್ಲಿ ಕೊಬ್ಬೂ ಇಲ್ಲ, ಉಪ್ಪೂ ಇಲ್ಲ." ಎರಡು ವರ್ಷ ಬದುಕಿದರೆ ಹೆಚ್ಚು ಎನಿಸಿಕೊಂಡಿದ್ದವನನ್ನು ಮೇವಿಸ್ ಆರು ವರ್ಷ ಓಡಾಡಿಸಿದಳು.

ಅಂಗಡಿ ನಡೆಸುತ್ತಿದ್ದವನು ಡೆನ್ನಿಸ್ ಹಾಲ್ಪಿನ್. ದಕ್ಷಿಣದ ಪಟ್ಟಣದಿಂದ ಬಂದ ಬಿಳಿಯ. ಇನ್ನೂರು ಮೈಲಿಗೆ ಅದೊಂದೇ ಅಂಗಡಿ. ಗೋಡೆಯುದ್ದಕ್ಕೂ ಡಬ್ಬಿ ಮಾಂಸ. ಅವನು ಬಂದ ಹೊಸದರಲ್ಲಿ, ಒಂಟಿ ಮನುಷ್ಯ ಅಂತ ಕನಿಕರಪಟ್ಟು, ಮೇವಿಸಳ ಗಂಡ ಎಲ್ಲರೆದುರು "ಇವನು ನನ್ನ ತಮ್ಮ" ಎಂದು ಸಂಬಂಧ ಕಟ್ಟಿದ್ದ. ಸಂಬಂಧ ಇಲ್ಲದವನಿಗೆ ನಮ್ಮಲ್ಲಿ ಕೂರಲೂ ಜಾಗವಿಲ್ಲ. ಅವತ್ತಿನಿಂದ ಕಾಂಗರೂ ಸುಟ್ಟಾಗಲೆಲ್ಲ ತಮ್ಮನ ಪಾಲೆಂದು ಬಾಲದ ತುದಿ ಅಂಗಡಿಗೆ ಹೋಗುತ್ತಿತ್ತು, ಮೇವಿಸಳ ಕೈಯಿಂದಲೇ. ಬಾಲವೆಂದರೆ ಜಿಡ್ಡು, ಮೂಳೆ, ರುಚಿ ಎಲ್ಲ ಅಲ್ಲೇ. ಅದನ್ನು ಯಾರೂ ಸುಮ್ಮನೆ ಕೊಡುವುದಿಲ್ಲ. ಹಾಲ್ಪಿನ್ ನಗುನಗುತ್ತ ತೆಗೆದುಕೊಳ್ಳುತ್ತಿದ್ದ, ಅವಳು ಬೆನ್ನು ತಿರುಗಿಸಿದ ಮೇಲೆ ಕಸದ ಡ್ರಮ್ಮಿಗೆ ಹಾಕುತ್ತಿದ್ದ. ಅವಳಿಗೆ ಅದು ಗೊತ್ತಿತ್ತು. ಗಂಡನಿಗೆ ಹೇಳಿರಲಿಲ್ಲ.

ಆಮೇಲೆ ನಾಯಿಗಳ ವಿಷಯ. ಊರಿನಲ್ಲಿ ನಾಯಿ ಜಾಸ್ತಿಯಾಗಿವೆ, ಅಂಗಡಿ ಮುಂದೆ ಗಲೀಜು ಮಾಡುತ್ತವೆ ಎಂದು ಹಾಲ್ಪಿನ್ ಪಂಚಾಯಿತಿಯ ತಲೆ ತಿಂದು ಒಂದು ಕಾಗದ ಬರೆಸಿಕೊಂಡ. ಬೀದಿನಾಯಿಗಳನ್ನು ಹೊಡೆಯಬಹುದು ಅಂತಿತ್ತು ಕಾಗದದಲ್ಲಿ. ಒಂದು ಬೆಳಿಗ್ಗೆ ಬಂದೂಕು ಹಿಡಿದು ಹೊರಟವನು ಮೊದಲು ಬಂದದ್ದು ಮೇವಿಸಳ ಅಂಗಳಕ್ಕೆ. ಸಾರ್ಜೆಂಟ್ ಬಾಲ ಅಲ್ಲಾಡಿಸುತ್ತ ಎದುರು ಹೋದ.

"ಅದು ಬೀದಿನಾಯಲ್ಲ, ನನ್ನ ನಾಯಿ!" ಎಂದು ಮೇವಿಸ್ ಓಡಿಬರುವಷ್ಟರಲ್ಲಿ ಎರಡೂ ಮಲಗಿದ್ದವು.

"ಪಟ್ಟಿ ಇಲ್ಲ ಕತ್ತಲ್ಲಿ" ಎಂದ ಹಾಲ್ಪಿನ್. "ಬಿಡು, ಇನ್ಮೇಲೆ ಬಿಸಿಲಲ್ಲಿ ಅಲೆಯೋದು ತಪ್ತು. ಅಂಗಡಿಗೆ ಬಾ, ಮಾಂಸ ಬೇಕಾದಷ್ಟಿದೆ."

ಆ ವರ್ಷ ಮಳೆಯಿಲ್ಲದೆ ಕಾಂಗರೂಗಳು ದೂರ ಹೋಗಿದ್ದವು. ಬೇಟೆ ಬಲ್ಲ ಲೈಲ್, ಮೇವಿಸಳ ತಂಗಿಯ ಮಗ, ದೂರದ ದನದ ಫಾರ್ಮಿನಲ್ಲಿ ಕೆಲಸಕ್ಕಿದ್ದ. ಚಳಿಗಾಲಕ್ಕೆ ಉಡಗಳು ನೆಲದೊಳಗೆ ಸೇರಿದವು. ಒಬ್ಬಳೇ ಹಾರೆ ಹಿಡಿದು ನಡೆದು ನಡೆದು, ಬರಿಗೈಯಲ್ಲಿ ಬಂದು, ಕೊನೆಗೆ ಅವಳೂ ಅಂಗಡಿಯ ಮೆಟ್ಟಿಲು ಹತ್ತಿದಳು. ತಾಜಾ ಮಾಂಸ ತರಿಸಿಕೊಡು ಎಂದು ಕೇಳಿದಳು. ಫ್ರೀಜರಿನಲ್ಲಿ ಜಾಗವಿಲ್ಲ ಎಂದ. ಜಾಗ ಇರಲಿಲ್ಲ ನಿಜ, ಅದರ ತುಂಬ ಅವನದೇ ಹಸಿ ಮಾಂಸದ ತುಂಡುಗಳು, ಲಾರಿಯಲ್ಲಿ ಐಸಿನೊಳಗೆ ಬರುತ್ತಿದ್ದವು. ಡಬ್ಬಿ ಮಾರುವವನು ಒಂದು ದಿನವೂ ಡಬ್ಬಿ ತಿಂದವನಲ್ಲ.

ಮೇವಿಸ್ ಡಬ್ಬಿ ಮಾಂಸವನ್ನು ಬಿಸಿನೀರಿನಲ್ಲಿ ಮೂರು ಸಲ ತೊಳೆದು ಗಂಡನಿಗೆ ಕೊಡುತ್ತಿದ್ದಳು. ಉಪ್ಪು ತೊಳೆದರೆ ಹೋಗುತ್ತದೆಯೇ? ಮೊದಲು ಪಾದ ಊದಿತು, ಆಮೇಲೆ ಮೊಣಕಾಲು. ಮಲಗಿದರೆ ಉಸಿರು ಸಿಕ್ಕದೆ ಮರಕ್ಕೆ ಒರಗಿ ಕೂತೇ ಇರುತ್ತಿದ್ದ. "ಒಂದು ಚೂರು ಬಾಲ ಇದ್ದಿದ್ರೆ" ಎಂದ ಒಂದು ದಿನ. ಅದಾದ ವಾರಕ್ಕೆ ಹೋದ.

ಹೋದವರ ಸಾಮಾನು ಇಟ್ಟುಕೊಳ್ಳುವುದು ನಮ್ಮಲ್ಲಿಲ್ಲ. ಅವನ ಕಂಬಳಿ, ಟೋಪಿ, ತಟ್ಟೆ ಎಲ್ಲವನ್ನೂ ಮೇವಿಸ್ ಸುಟ್ಟಳು. ಇಟ್ಟುಕೊಂಡದ್ದು ಒಂದೇ, ಅವನಿಗೆಂದು ತಂದು ತೆರೆಯದೆ ಉಳಿದಿದ್ದ ಕೊನೆಯ ಡಬ್ಬಿ. ಮುಚ್ಚಳ ಬಿಚ್ಚಲೆಂದು ಪಕ್ಕಕ್ಕೆ ಅಂಟಿದ್ದ ಕೀಲಿ ಸಮೇತ ಬಟ್ಟೆಯಲ್ಲಿ ಸುತ್ತಿ ಇಟ್ಟಳು. ಅಪಶಕುನ ಅಂದರು ಹೆಂಗಸರು.

ಮಣ್ಣು ಮಾಡಲು ಬಂದ ಲೈಲ್ ಮತ್ತೆ ಕೆಲಸಕ್ಕೆ ಹೋಗಲಿಲ್ಲ. ದೊಡ್ಡಮ್ಮನಿಗೊಂದು ಹೆಣ್ಣು ನಾಯಿಮರಿ ತಂದುಕೊಟ್ಟ, ಕತ್ತಿಗೆ ಪಟ್ಟಿ ಕಟ್ಟಿ. ಮೊದಲ ಕಾಂಗರೂ ಬಿದ್ದ ದಿನ ಮೇವಿಸ್ ಒಂದು ಕೈತುಂಬ ಮಾಂಸ, ಎರಡು ಪಾತ್ರೆ ಹೊತ್ತುಕೊಂಡು ಅಂಗಡಿಯ ಜಗುಲಿ ಮುಂದೆ ಬೆಂಕಿ ಹಾಕಿದಳು. ಪಿಂಚಣಿಯ ದಿನ, ಊರೆಲ್ಲ ಅಲ್ಲೇ ಇತ್ತು. ಒಂದು ಪಾತ್ರೆಗೆ ಆಗಷ್ಟೇ ಅಂಗಡಿಯಲ್ಲಿ ಕೊಂಡ ಡಬ್ಬಿಯ ಮಾಂಸ, ಇನ್ನೊಂದಕ್ಕೆ ಕಾಂಗರೂ, ಎರಡಕ್ಕೂ ಒಂದೇ ಅಳತೆ ನೀರು. ಕುದಿಸಿ, ಆರಿಸಿ, ಊರಿಗೆ ನ್ಯಾಯ ಹೇಳುವ ಹಿರಿಯ ಸಿರಿಲ್‌ನ ಮುಂದೆ ಇಟ್ಟಳು.

"ನೋಡಣ್ಣ" ಎಂದಳು.

ಡಬ್ಬಿಯ ಪಾತ್ರೆಯ ಮೇಲೆ ಬೆರಳು ದಪ್ಪದ ಬಿಳಿ ಕೊಬ್ಬು ಕೆನೆ ಕಟ್ಟಿತ್ತು. ಕಾಂಗರೂ ನೀರಿನ ಮೇಲೆ ನಾಲ್ಕು ಜಿಡ್ಡಿನ ಚುಕ್ಕೆ. ಸಿರಿಲ್ ಎರಡನ್ನೂ ಒಂದೊಂದು ಗುಟುಕು ಕುಡಿದ. ಡಬ್ಬಿಯ ನೀರನ್ನು ಅಲ್ಲೇ ಉಗಿದ. "ಥೂ! ಇದೇನು ಸಮುದ್ರಾನಾ?"

ಜೋಸೆಫಿನ್ ಡಬ್ಬಿಯ ಚೀಟಿ ಓದಿ ವಿವರಿಸಿದಳು. ಉಪ್ಪು ಕಾಂಗರೂವಿನ ಇಪ್ಪತ್ತು ಪಟ್ಟು, ಕೊಬ್ಬು ಹತ್ತು ಪಟ್ಟು, ರಕ್ತಕ್ಕೆ ಬೇಕಾದ ಕಬ್ಬಿಣ ಮಾತ್ರ ಕಾಂಗರೂವಿನಲ್ಲೇ ಹೆಚ್ಚು. ಮೇವಿಸ್ ಹಾಲ್ಪಿನ್ ಕಡೆ ತಿರುಗಿ ಒಂದೇ ಮಾತು ಕೇಳಿದಳು. "ನನ್ನ ನಾಯಿ ಕೊಂದು ನೀನು ನನ್ನ ಗಂಡನ ಬಾಯಿಗೆ ಹಾಕಿದ್ದು ಮಾಂಸ ಅಲ್ಲ ಅಂತ ಒಪ್ಕೋ. ಇಷ್ಟು ಜನರ ಮುಂದೆ. ನಂಗೆ ಬೇರೇನೂ ಬೇಡ."

ಹಾಲ್ಪಿನ್ ಬಾಗಿಲಿಗೆ ಒರಗಿ ನಿಂತಿದ್ದವನು ಹೊಟ್ಟೆ ತಟ್ಟಿಕೊಂಡ. "ಮಾಂಸ ಅಂದ್ರೆ ಮಾಂಸ, ಮೇವಿಸ್. ಡಬ್ಬೀಲಿದ್ರೇನು, ಕಾಡಲ್ಲಿದ್ರೇನು? ಹೊಟ್ಟೆ ಅದ್ರ ಊರು ಕೇಳಲ್ಲ." ಕೆಲವರು ನಕ್ಕರು. ನಕ್ಕವರಲ್ಲಿ ನಾನೂ ಇದ್ದೆ, ಈಗ ನಾಚಿಕೆಯಾಗುತ್ತದೆ.

ಮೇವಿಸ್ ನಗಲಿಲ್ಲ. "ಕೇಳಿಸ್ಕೊಂಡ್ಯಾ ಅಣ್ಣ?"

"ಕೇಳಿಸ್ತು" ಎಂದ ಸಿರಿಲ್.

ಅವಳು ಪಾತ್ರೆ ಎತ್ತಿಕೊಂಡು ಹೋದಳು. ಮತ್ತೆ ಕಾಂಗರೂ ಬೀಳತೊಡಗಿದರೂ ಅಂಗಡಿಗೆ ಬಾಲದ ತುದಿ ಹೋಗಲಿಲ್ಲ. ಕೇಳಿದವರಿಗೆ, ಮನೆಯಲ್ಲಿ ಸೂತಕ, ನಾನು ಬಾಲ ಮುಟ್ಟುವುದಿಲ್ಲ ಎಂದಳು. ಗಂಡ ಆಸೆಪಟ್ಟು ಹೋದ ಪದಾರ್ಥವನ್ನು ಅವಳು ನಿಜವಾಗಿಯೂ ಬಾಯಿಗೆ ಹಾಕಿರಲಿಲ್ಲ. ಹಾಲ್ಪಿನ್‌ಗೆ ಅದೂ ಹಾಯೆನಿಸಿತು.

ಎರಡು ವರ್ಷ ಕಳೆದ ಮೇಲೆ ಮಳೆ ಬಂತು. ನಮ್ಮ ಕಡೆ ಮಳೆ ಬರುವುದು ಅಪರೂಪ, ಬಂದರೆ ಹೋಗುವುದಿಲ್ಲ. ರಸ್ತೆ ಕೊಚ್ಚಿಹೋಯಿತು, ವಿಮಾನ ಇಳಿಯುವ ಬಯಲು ಕೆಸರಾಯಿತು. ಮೊದಲ ವಾರವೇ ವಿದ್ಯುತ್ ಕೈಕೊಟ್ಟು ಹಾಲ್ಪಿನ್‌ನ ಫ್ರೀಜರು ನಾರತೊಡಗಿತು. ಹಿಟ್ಟು ಮುಗ್ಗಲು ಹಿಡಿಯಿತು. ಮೂರನೆಯ ವಾರಕ್ಕೆ ಅಂಗಡಿಯಲ್ಲಿ ಉಳಿದದ್ದು ಸಕ್ಕರೆ, ಚಹಾಪುಡಿ, ಗೋಡೆಯುದ್ದಕ್ಕೂ ಡಬ್ಬಿ. ನಮಗೇನು? ಮಳೆಗೆ ಹುಲ್ಲು ಚಿಗುರಿ ಕಾಂಗರೂಗಳು ಊರ ಬಾಗಿಲಿಗೇ ಬಂದಿದ್ದವು. ನಾವು ತಿಂದು ಕೊಬ್ಬಿದ್ದೆವು.

ಹಾಲ್ಪಿನ್‌ದೂ ಸೋತ ಹೃದಯವೇ. ಅದು ಗೊತ್ತಾಗಿ ಒಂದು ವರ್ಷವಾಗಿತ್ತು, ಮಾತ್ರೆ ನುಂಗುತ್ತಿದ್ದ. ಜೀವಮಾನದಲ್ಲಿ ಮೊದಲ ಸಲ ದಿನಕ್ಕೆರಡು ಡಬ್ಬಿ ತಿಂದ. ಬೂಟಿನೊಳಗೆ ಕಾಲು ಹೋಗದಾಯಿತು. ರೇಡಿಯೋದಲ್ಲಿ ಡಾಕ್ಟರು, ಇನ್ನೊಂದು ಡಬ್ಬಿ ಮುಟ್ಟಬೇಡ, ತಾಜಾ ಮಾಂಸ ಸಿಗುತ್ತದಾ ನೋಡು, ನೆಲ ಗಟ್ಟಿಯಾದ ಕೂಡಲೇ ವಿಮಾನ ಕಳಿಸುತ್ತೇವೆ ಎಂದರು. ಇದನ್ನು ಜೋಸೆಫಿನ್ ಬಂದು ಮೇವಿಸಳಿಗೆ ಹೇಳಿದಳು, ಏನೋ ಕೇಳುವ ಮುಖ ಮಾಡಿಕೊಂಡು.

"ಹಸಿವಾದ್ರೆ ಅವನಿಗೂ ಕಾಲಿದೆ, ಬರ್ತಾನೆ" ಎಂದಳು ಮೇವಿಸ್.

ಬಂದ. ಆ ಮಧ್ಯಾಹ್ನ ಲೈಲ್ ದೊಡ್ಡ ಗಂಡು ಕಾಂಗರೂ ಒಂದನ್ನು ಕೂದಲು ಸುಟ್ಟು, ಬಿಸಿ ಬೂದಿಯ ಗುಂಡಿಯಲ್ಲಿ ಹೂತು ಬೇಯಿಸಿ ತೆಗೆದಿದ್ದ. ಹಸಿರು ರೆಂಬೆಗಳ ಮೇಲೆ ಪಾಲುಗಳು ಹರಡಿದ್ದವು. ತೊಡೆ ಯಾರಿಗೆ, ಬೆನ್ನು ಯಾರಿಗೆ, ತಲೆ ಯಾರಿಗೆ ಅನ್ನುವುದು ನಮ್ಮಲ್ಲಿ ಹುಟ್ಟಿನಿಂದ ಗೊತ್ತಿರುವ ವಿಷಯ, ಜಗಳವಿಲ್ಲ. ಬಾಲ ಮೇವಿಸಳ ಪಾಲಿಗೆ. ಬರಿಗಾಲಲ್ಲಿ, ಒಂದೊಂದು ಹೆಜ್ಜೆಗೂ ಏದುಸಿರು ಬಿಡುತ್ತ ಹಾಲ್ಪಿನ್ ಬೆಂಕಿಯ ಅಂಚಿಗೆ ಬಂದು ನಿಂತ.

"ಅತ್ತಿಗೆ" ಎಂದ.

ಊರಿಗೆ ಬಂದ ಹನ್ನೊಂದು ವರ್ಷದಲ್ಲಿ ಮೊದಲ ಸಲ. ಹಿಂದೆ ಕೂತಿದ್ದ ಯಾರೋ ಮುದುಕಿ, "ಅಯ್ಯೋ, ಕಾಲು ಊದಿದ್ಮೇಲೆ ನೆಂಟಸ್ತನ ನೆನಪಾಯ್ತು ನೋಡೇ" ಎಂದಳು.

"ಅತ್ತಿಗೆ, ನಂಗೊಂದು ಪಾಲು ಕೊಡಿ. ಅಣ್ಣ ಇದ್ದಾಗ ಕೊಡ್ತಿದ್ರಲ್ಲ."

ಸಿರಿಲ್ ಮೀಸೆ ಒರೆಸಿಕೊಂಡ. "ಸಂಬಂಧ ಕಟ್ಟಿದವನು ಹೋದ್ರೂ ಸಂಬಂಧ ಹೋಗಲ್ಲ, ಮೇವಿಸ್. ಮೈದುನ ಬೆಂಕಿ ಹತ್ರ ಬಂದು ಕೇಳಿದ ಮೇಲೆ ಮಾಂಸದ ಪಾಲು ಕೊಡ್ಲೇಬೇಕು."

"ಕೊಡಲ್ಲ ಅಂದೆನಾ ಅಣ್ಣ? ಎತ್ತಿಟ್ಟಿದ್ದೀನಿ."

ಅವಳು ಒಳಗೆ ಹೋಗಿ ಬಟ್ಟೆಯ ಗಂಟು ತಂದಳು. ಬಿಚ್ಚಿ, ಕೀಲಿ ಅಂಟಿದ್ದ ಆ ಡಬ್ಬಿಯನ್ನು ಹಸಿರು ರೆಂಬೆಯ ಮೇಲೆ ಅವನ ಮುಂದೆ ಇಟ್ಟಳು. ಲೈಲ್ ಕೈಯ ಚಾಕು ಕೆಳಗಿಟ್ಟ.

"ತಗೋ, ನಿಮ್ಮಣ್ಣ ತಿನ್ನದೆ ಬಿಟ್ಟಿದ್ದು. ನಿಂಗೇ ಅಂತ ಇಟ್ಟಿದ್ದೆ."

ಹಾಲ್ಪಿನ್ ಡಬ್ಬಿ ನೋಡಿದ, ಪಕ್ಕದಲ್ಲಿ ಹಬೆಯಾಡುತ್ತಿದ್ದ ಬಾಲ ನೋಡಿದ. "ಮೇವಿಸ್, ತಮಾಷೆ ಬೇಡ. ಇದನ್ನ ತಿಂದ್ರೆ ಸಾಯ್ತೀನಿ."

"ಯಾಕೆ ಸಾಯ್ತೀಯ? ಮಾಂಸ ತಾನೆ?"

"ಇದು ಮಾಂಸ ಅಲ್ಲ!" ಎಂದ ಅವನು. ಅಷ್ಟು ಹೇಳಲು ಎರಡು ಸಲ ಉಸಿರೆಳೆದುಕೊಂಡ. "ಉಪ್ಪು, ಬರೀ ಉಪ್ಪು. ಮಾಂಸ ಅಲ್ಲ ಇದು."

"ಇನ್ನೊಂದ್ಸಲ ಹೇಳು. ಸಿರಿಲಣ್ಣನಿಗೆ ಕಿವಿ ಮಂದ."

"ಮಾಂಸ ಅಲ್ಲ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೇವಿಸ್ ಸಿರಿಲ್ ಕಡೆ ತಿರುಗಿದಳು. "ಅವ್ರಿಗೆ ಇದನ್ನೇ ಐದು ತಿಂಗಳು ತಿನ್ನಿಸ್ದೆ ಅಣ್ಣ. ನನ್ನ ಕೈಯಾರೆ. ತೊಳೆದು ತೊಳೆದು."

ಸಿರಿಲ್ ಹಾಲ್ಪಿನ್ ಮುಖ ನೋಡದೆ ಹೇಳಿದ: "ಅವತ್ತು ಜಗುಲಿ ಮೇಲೆ ಇದನ್ನ ಮಾಂಸ ಅಂದವನು ನೀನೇ. ಆ ಮಾತಿನ ಪ್ರಕಾರ ಪಾಲು ಕೊಟ್ಟಾಯ್ತು. ಎತ್ಕೊಂಡು ಹೋಗು."

"ಬಾಲದ ತುದಿ ನಂದಲ್ವಾ?" ಅವನ ದನಿ ಮಗುವಿನದಾಗಿತ್ತು. "ಅತ್ತಿಗೆ, ಅದು ಯಾವಾಗ್ಲೂ ನನ್ನ ಪಾಲು."

"ಹೌದು, ನಿಂದೇ" ಎಂದಳು ಮೇವಿಸ್. "ನಾನು ಅಂಗಡಿಗೆ ತಂದುಕೊಟ್ಟಾಗ ನೀನು ಡ್ರಮ್ಮಿಗೆ ಹಾಕ್ತಿದ್ದೆ. ಅಲ್ಲಿಂದ ಅದನ್ನ ಎತ್ಕೊಂಡು ತಿಂತಿದ್ದವರು ಯಾರು ಗೊತ್ತಾ? ಸಾರ್ಜೆಂಟ್, ಜಿಂಜರ್. ಅವ್ರ ಪಾಲು ಇದು."

ಅವಳು ಲೈಲ್‌ನ ಚಾಕು ತೆಗೆದುಕೊಂಡು ಬಾಲದ ತುದಿ ಕತ್ತರಿಸಿ, ಕತ್ತಿಗೆ ಪಟ್ಟಿ ಕಟ್ಟಿದ್ದ ನಾಯಿಯ ಮುಂದೆ ಹಾಕಿದಳು. ಹಾಲ್ಪಿನ್ ಹೊರಡಲು ತಿರುಗಿದ. "ನಿಂತ್ಕೋ" ಎಂದಳು. ಊದಿದ ಕಾಲಲ್ಲಿ ಅವನು ಓಡುವುದಾದರೂ ಎಲ್ಲಿಗೆ, ನಿಂತ. ಮೇವಿಸ್ ನೆಲದ ಮೇಲೆ ಕಾಲು ಚಾಚಿ ಕೂತು, ಎರಡು ವರ್ಷ ಮುಟ್ಟದಿದ್ದ ಬಾಲದ ಉಳಿದ ಭಾಗವನ್ನು ಕೈಯಲ್ಲಿ ಹಿಡಿದು ಕಚ್ಚಿದಳು. ಜಿಡ್ಡು ಮೊಣಕೈವರೆಗೆ ಇಳಿಯಿತು. ಅವಳೂ ನಾಯಿಯೂ ಮೂಳೆ ಚೀಪಿ ಮುಗಿಸುವವರೆಗೆ ಅವನು ಡಬ್ಬಿ ಹಿಡಿದುಕೊಂಡು ಅಲ್ಲೇ ನಿಂತಿದ್ದ.