ಹೂ ಕಟ್ಟಲು ಕಣ್ಣು ಯಾಕೆ ಬೇಕು

ಹಗರಿಬೊಮ್ಮನಹಳ್ಳಿಯ ಒಂದು ಕೋಚಿಂಗ್ ಕೇಂದ್ರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ನಾನು ತರ್ಕ ಕಲಿಸುತ್ತೇನೆ. ನನಗೆ ಹೆಸರು ತಂದುಕೊಟ್ಟ ಪಾಠ ಒಂದೇ, ವಾದವನ್ನು ದುರ್ಬಲಗೊಳಿಸುವುದು. ಪ್ರಶ್ನೆಯಲ್ಲಿ ಯಾರೋ ಒಂದು ಕಾರಣ ಕೊಟ್ಟು ಒಂದು ತೀರ್ಮಾನಕ್ಕೆ ಬಂದಿರುತ್ತಾರೆ. ಕೆಳಗೆ ನಾಲ್ಕು ಹೇಳಿಕೆಗಳಿರುತ್ತವೆ. ಅವುಗಳಲ್ಲಿ ಯಾವುದು ಆ ವಾದದ ಕಾಲು ಮುರಿಯುತ್ತದೆ ಎಂದು ಗುರುತಿಸಬೇಕು.

‘ತೀರ್ಮಾನದ ಮೇಲೆ ಬೀಳಬೇಡಿ’ ಎಂದು ಮೊದಲ ದಿನವೇ ಹೇಳುತ್ತಿದ್ದೆ. ‘ಕಾರಣಕ್ಕೂ ತೀರ್ಮಾನಕ್ಕೂ ನಡುವೆ ಬಾಯಿಬಿಟ್ಟು ಹೇಳದ ಒಂದು ಮಾತು ಅಡಗಿರುತ್ತದೆ. ಅದನ್ನು ಹುಡುಕಿ, ಅಲ್ಲಿಗೆ ಹೊಡೆಯಿರಿ.’ ಉದಾಹರಣೆಗೆ ಬಸ್ಸನ್ನೇ ತರುತ್ತಿದ್ದೆ. ಸೀಟಿನ ಮೇಲೆ ನನ್ನ ಟವಲ್ ಇದೆ, ಆದ್ದರಿಂದ ಸೀಟು ನನ್ನದು. ಇದರಲ್ಲಿ ಅಡಗಿದ ಮಾತೇನು? ಕಿಟಕಿಯಿಂದ ಟವಲ್ ಎಸೆದವನಿಗೇ ಸೀಟು ಸೇರುತ್ತದೆ ಎಂಬುದು. ಆ ದಿನ ಬೆಳಿಗ್ಗೆಯಷ್ಟೇ ಟವಲ್ ಎಸೆದು ಬಂದವರೆಲ್ಲ ಗೊಳ್ಳೆಂದು ನಗುತ್ತಿದ್ದರು. ಆ ನಗು ನನ್ನ ತಲೆಗೇರಿತ್ತು.

ಕೇಂದ್ರದಲ್ಲಿ ಕಲಿಸಿದ್ದು ಅಲ್ಲೇ ನಿಲ್ಲಲಿಲ್ಲ. ಮದುವೆ ಮನೆಯಲ್ಲಿ, ಚಹಾ ಅಂಗಡಿಯಲ್ಲಿ, ಯಾರು ಏನು ಹೇಳಿದರೂ ನಾನು ನಡುವೆ ಅಡಗಿದ ಮಾತನ್ನು ಹೆಕ್ಕಿ ತೆಗೆದು ಅವರ ಮುಂದೆ ಹಿಡಿಯುತ್ತಿದ್ದೆ. ನೆಂಟರು ನನ್ನ ಎದುರು ಬಾಯಿ ಬಿಡಲು ಹಿಂಜರಿಯುತ್ತಿದ್ದರು. ಅದನ್ನು ನಾನು ಮರ್ಯಾದೆ ಎಂದುಕೊಂಡಿದ್ದೆ. ಎಂಥ ದಡ್ಡ ನಾನು.

ನಮ್ಮ ಮನೆ ಹಡಗಲಿಯಲ್ಲಿ. ಇರುವುದು ನಾನು ಮತ್ತು ಅವ್ವ, ಇಬ್ಬರೇ. ಅವ್ವ ಹೂ ಕಟ್ಟುತ್ತಾಳೆ. ತೋಟದವರು ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಮಲ್ಲಿಗೆ ಮೊಗ್ಗು ಕೊಟ್ಟು ಹೋಗುತ್ತಾರೆ. ಅವಳು ಬಾಗಿಲ ಪಕ್ಕ ಕಾಲು ಚಾಚಿ ಕೂತು, ದಾರದ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಈಚೆ ಎರಡು, ಆಚೆ ಎರಡು ಮೊಗ್ಗಿಟ್ಟು ಗಂಟು ಬಿಗಿಯುತ್ತಾ ಹೋಗುತ್ತಾಳೆ. ನಾನು ಕಾಲೇಜು ಓದಿದ್ದು ಆ ಗಂಟುಗಳ ಮೇಲೆ.

ಯುಗಾದಿ ಕಳೆದ ಮೇಲೆ ಒಂದು ಸಂಜೆ ಅವ್ವ ಅಂದಳು, ‘ತಮ್ಮಾ, ಲೈಟಿನ ಸುತ್ತ ಕೈಬಳಿ ಹಂಗ ದುಂಡಗ ಕಂಡಂಗ ಆಗ್ತತಿ. ಬಾಜೂಕ ಯಾರರ ಬಂದ್ರ ತಿಳಿಯೂದಿಲ್ಲ. ಈ ಹೊಸಾ ಕನ್ನಡಕ ಹಾಕ್ಕೊಂಡಾಗಿಂದ ಹಿಂಗಾಗೇತಿ. ದಾವಣಗೇರಿಗೆ ಹೋಗಿ ದೊಡ್ಡ ಡಾಕ್ಟ್ರಿಗೆ ತೋರ್ಸೂಣೇನು?’

ನಾನು ಉತ್ತರಪತ್ರಿಕೆ ನೋಡುತ್ತಿದ್ದೆ. ತಲೆ ಎತ್ತದೆಯೇ ಶುರು ಮಾಡಿದೆ.

‘ಕನ್ನಡಕ ಹಾಕಿದ ಮ್ಯಾಲೆ ಆತು ಅಂದ್ರ, ಕನ್ನಡಕದಿಂದನಾ ಆತು ಅಂತೇನು? ಅದೇ ತಿಂಗಳು ಮನಿಗೆ ಹೊಸಾ ಬಲ್ಬ್ ಹಾಕೀವಿ. ಅದರ ಬೆಳಕು ಚುಚ್ಚತಿರಬೌದು. ವಯಸ್ಸು ಬ್ಯಾರೆ ಆಗೇತಿ.’

‘ಇರಬೌದಪ್ಪ. ಆದ್ರೂ...’

‘ಕಣ್ಣು ಕೆಟ್ಟಿದ್ರ ನೀ ಇವತ್ತ ಮೂವತ್ತು ಮೊಳ ಹೆಂಗ ಕಟ್ಟಿದಿ? ಒಂದು ಮೊಗ್ಗರ ತಪ್ಪೇತೇನು?’

ಅವ್ವ ಮಡಿಲಲ್ಲಿದ್ದ ಮಾಲೆಯ ಮೇಲೆ ಕೈ ಆಡಿಸಿದಳು. ಒಂದು ಮೊಗ್ಗೂ ತಪ್ಪಿರಲಿಲ್ಲ. ‘ನೀ ಹೇಳೂದು ಖರೆ ಐತಿ ಬಿಡು’ ಅಂದಳು. ಅವಳು ಸೋತಿದ್ದಕ್ಕೆ ನನಗೆ ಒಳಗೊಳಗೇ ಖುಷಿಯಾಯಿತು. ಇದನ್ನು ಬರೆಯುವಾಗ ಮುಖ ಎಲ್ಲಿಡಬೇಕೋ ತಿಳಿಯುತ್ತಿಲ್ಲ, ಆದರೆ ಖುಷಿಯಾದದ್ದು ನಿಜ.

ಅಷ್ಟಕ್ಕೇ ಬಿಡಲಿಲ್ಲ ನಾನು. ಮರುದಿನ ಅದನ್ನೇ ಪ್ರಶ್ನೆ ಮಾಡಿ ಬೋರ್ಡಿನ ಮೇಲೆ ಬರೆದೆ. ‘ಒಬ್ಬ ಹೆಂಗಸು ಹೂ ಕಟ್ಟುವವಳು. ತನಗೆ ಸರಿಯಾಗಿ ಕಾಣುತ್ತಿಲ್ಲ, ಆದ್ದರಿಂದ ವೈದ್ಯರ ಬಳಿ ಹೋಗಬೇಕು ಎನ್ನುತ್ತಾಳೆ. ಈ ವಾದವನ್ನು ಅತಿ ಹೆಚ್ಚು ದುರ್ಬಲಗೊಳಿಸುವ ಹೇಳಿಕೆ ಯಾವುದು?’ ಉತ್ತರ, ಮೂರನೆಯದು: ಆಕೆ ದಿನವೂ ಒಂದು ಮೊಗ್ಗೂ ತಪ್ಪದಂತೆ ಮಾಲೆ ಕಟ್ಟುತ್ತಾಳೆ. ಬಹಳ ಮಂದಿ ಸರಿಯಾಗಿಯೇ ಕೈ ಎತ್ತಿದರು.

ಹಿಂದಿನ ಬೆಂಚಿನಲ್ಲಿ ತಂಬ್ರಹಳ್ಳಿಯಿಂದ ಬರುವ ಒಬ್ಬ ಹುಡುಗಿ ಕೂರುತ್ತಿದ್ದಳು. ಅವರ ಮನೆಯಲ್ಲೂ ಹೂ ಕಟ್ಟುತ್ತಿದ್ದರು. ಎಂದೂ ಮಾತಾಡದವಳು ಅಂದು ಎದ್ದು ನಿಂತಳು.

‘ಸರ್, ಹೂ ಕಟ್ಟಾಕ ಕಣ್ಣು ಯಾಕ ಬೇಕ್ರಿ? ನಮ್ಮವ್ವ ಟಿವಿ ನೋಡ್ಕೋಂತ ಕಟ್ತಾಳ್ರಿ. ಬೆರಳಿಗೇ ಗೊತ್ತಿರ್ತತ್ರಿ.’

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಪುಸ್ತಕದ ನಿಯಮವನ್ನು ಅವಳ ಮುಖಕ್ಕೆ ಎಸೆದೆ: ‘ನಿನಗೆ ಮನೆಯಲ್ಲಿ ಗೊತ್ತಿರುವುದನ್ನು ಇಲ್ಲಿ ತರಬೇಡಮ್ಮ. ಪ್ರಶ್ನೆಯಲ್ಲಿ ಏನು ಕೊಟ್ಟಿದೆಯೋ ಅಷ್ಟನ್ನೇ ನೋಡು.’ ಅವಳು ಕೂತಳು. ನನ್ನ ವಾದದ ನಡುವೆ ಅಡಗಿದ್ದ ಮಾತನ್ನು ಅವಳು ಸರಿಯಾಗಿ ಹಿಡಿದಿದ್ದಳು. ಮೂವತ್ತು ವರ್ಷ ಅದೇ ಮನೆಯಲ್ಲಿ, ಅದೇ ಬೆರಳುಗಳ ಎದುರು ಉಂಡು ಬೆಳೆದ ನನಗೆ ಅದು ಹೊಳೆಯಲಿಲ್ಲ.

ಅವ್ವ ಮತ್ತೆ ಕಣ್ಣಿನ ಸುದ್ದಿ ಎತ್ತಲಿಲ್ಲ. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿಟ್ಟ ನೀರಿನ ಚೆಂಬನ್ನು ಎರಡು ಸಲ ಒದ್ದು ಚೆಲ್ಲಿದಳು. ನೋಡಿ ನಡಿಯಬಾರದೇನಬೇ ಎಂದು ರೇಗಿದೆ. ಹೌದು, ಹಾಗೆಯೇ ಅಂದೆ.

ದೀಪಾವಳಿ ಆದ ಮೇಲೆ ಹರಪನಹಳ್ಳಿಯಲ್ಲಿ ಬಳಗದವರ ಮದುವೆಯಿತ್ತು. ಅವ್ವ ಬೆಳಿಗ್ಗೆಯೇ ನೆರೆಯವರ ಜೊತೆ ಹೋಗಿದ್ದಳು. ಊಟ ಮುಗಿಸಿ ಬಸ್ ನಿಲ್ದಾಣದಲ್ಲಿ ಕೂತಿರು, ನಾನು ಅಲ್ಲಿಗೇ ಬರುತ್ತೇನೆ ಎಂದಿದ್ದೆ. ಹೋಗಿ ನೋಡಿದರೆ ಕಲ್ಲು ಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳು. ನಾನು ಹೋಗಿ ಅವಳ ಬಲಕ್ಕೆ, ಒಂದು ಮೊಳ ದೂರದಲ್ಲಿ ಕೂತೆ. ಅವಳು ನನ್ನತ್ತ ತಿರುಗಲಿಲ್ಲ. ತಡವಾಗಿದ್ದಕ್ಕೆ ಮುನಿಸೇನೋ ಎಂದುಕೊಂಡೆ. ಅಷ್ಟರಲ್ಲಿ ಎದುರಿಗೆ ಬಂದ ಕಂಡಕ್ಟರನ್ನು ಕೇಳಿದಳು, ‘ಯಪ್ಪಾ, ಹಡಗಲಿ ಬಸ್ಸು ಹೋತೇನು? ನನ್ನ ಮಗ ಬರಬೇಕಿತ್ತು, ಇನ್ನಾ ಬಂದಿಲ್ಲ.’

ಮೊದಲು ನನಗೆ ನಗು ಬಂತು. ತಮಾಷೆ ಎಂದುಕೊಂಡು ಅವಳ ಕಿವಿಯ ಪಕ್ಕ ಕೈ ಬೀಸಿದೆ. ಅವಳ ರೆಪ್ಪೆ ಅಲುಗಲಿಲ್ಲ. ಆ ಸಂಜೆ ಊರಿಗೆ ಹೇಗೆ ಬಂದೆವೋ ನೆನಪಿಲ್ಲ. ಮರುದಿನ ಅವಳನ್ನು ದಾವಣಗೆರೆಗೆ ಕರೆದುಕೊಂಡು ಹೊರಟೆ.

ಡಾಕ್ಟರು ಬಹಳ ಹೊತ್ತು ಪರೀಕ್ಷಿಸಿದರು. ಕಣ್ಣಿನೊಳಗೆ ಒತ್ತಡ ಏರಿ ನರ ಬಹುಪಾಲು ಸತ್ತಿದೆ ಅಂದರು. ಮೊದಲು ಹೋಗುವುದು ಪಕ್ಕದ ನೋಟವಂತೆ, ಕನ್ನಡಕಕ್ಕೂ ಇದಕ್ಕೂ ಸಂಬಂಧವಿಲ್ಲವಂತೆ. ಅಂದರೆ ಅವ್ವ ಕೊಟ್ಟ ಕಾರಣ ನಿಜವಾಗಿಯೂ ತಪ್ಪಾಗಿತ್ತು. ನಾನು ಅದನ್ನು ಮುರಿದದ್ದೂ ಸರಿಯಿತ್ತು. ಆದರೆ ಡಾಕ್ಟರಿಗೆ ತೋರಿಸಬೇಕು ಎಂಬ ಅವಳ ತೀರ್ಮಾನ ಸರಿಯಿತ್ತು. ವಾದ ದುರ್ಬಲವಾದ ಮಾತ್ರಕ್ಕೆ ತೀರ್ಮಾನ ಸುಳ್ಳಾಗುವುದಿಲ್ಲ ಎಂದು ಪ್ರತಿ ಬ್ಯಾಚಿಗೂ ಎರಡನೇ ದಿನ ಹೇಳುವವನು ನಾನೇ.

‘ಹೋದದ್ದು ವಾಪಸ್ ಬರಲ್ಲ. ಉಳಿದದ್ದನ್ನ ಉಳಿಸ್ಕೊಳ್ಳೋಣ’ ಎಂದ ಡಾಕ್ಟರು ನನ್ನ ಕಡೆ ನೋಡಿದರು. ‘ಇವ್ರು ಯಾವಾಗ್ಲಿಂದ ಹೇಳ್ತಿದ್ರು?’

‘ಈಗೀಗ ಸರ್’ ಅಂದೆ. ‘ಒಂದು ತಿಂಗಳಿಂದ.’

ಅವ್ವ ತಲೆಯನ್ನು ಪೂರ್ತಿ ತಿರುಗಿಸಿ ನನ್ನನ್ನು ನೋಡಿದಳು. ಈಗ ಅವಳು ಹಾಗೆಯೇ ನೋಡಬೇಕು. ನಂತರ ಡಾಕ್ಟರಿಗೆ ಹೇಳಿದಳು, ‘ಹೌದ್ರಿ. ನಾನಾ ಹೇಳಿದ್ದಿಲ್ರಿ. ಅವ ಏನು ಮಾಡ್ತಾನ ಪಾಪ.’

ನನ್ನ ಸುಳ್ಳಿಗೆ ಅವ್ವ ಸಾಕ್ಷಿ ಹೇಳಿದಳು. ನಾನು ಚೀಟಿ ತೆಗೆದುಕೊಂಡು ಹೊರಗೆ ಬಂದೆ.

ಆ ವಾರ ತರಗತಿಯಲ್ಲಿ ಆ ಪ್ರಶ್ನೆಯನ್ನು ಮತ್ತೆ ಬೋರ್ಡಿನ ಮೇಲೆ ಬರೆದೆ. ನಾನು ಹೇಳಿದ ಉತ್ತರ ತಪ್ಪು, ಆ ದಿನ ಎದ್ದು ನಿಂತವಳು ಹೇಳಿದ್ದು ಸರಿ ಅಂದೆ. ಹೆಂಗಸು ಯಾರೆಂದು ಹೇಳಲು ಧೈರ್ಯ ಸಾಲಲಿಲ್ಲ. ತರಗತಿ ಮುಗಿದ ಮೇಲೆ ಆ ಹುಡುಗಿ ಬಾಗಿಲಲ್ಲಿ ನಿಂತು, ‘ಈಗ ಹೆಂಗದಾರ್ರಿ ಸರ್ ಅವ್ರು?’ ಎಂದಳು. ನಾನು ಡಸ್ಟರ್ ಹುಡುಕುವವನಂತೆ ಮೇಜಿನ ಕೆಳಗೆ ಬಗ್ಗಿದೆ.

ಈಗ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅವ್ವನ ಕಣ್ಣಿಗೆ ನಾನೇ ಔಷಧಿ ಹಾಕುತ್ತೇನೆ. ಬಹಳ ಉರಿಯುವ ಹನಿ ಅದು, ಡಾಕ್ಟರೇ ಹೇಳಿದ್ದಾರೆ. ಹೆಚ್ಚು ಉರಿದರೆ ಬಂದು ತಿಳಿಸಿ, ಬದಲಾಯಿಸೋಣ ಎಂದೂ ಹೇಳಿದ್ದಾರೆ. ದಿನವೂ ಕೇಳುತ್ತೇನೆ, ‘ಉರಿತತೇನಬೇ?’

‘ಇಲ್ಲಪ್ಪ’ ಅನ್ನುತ್ತಾಳೆ.

ಅವಳ ಕೈ ಮಂಚದ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದಿರುತ್ತದೆ. ಮತ್ತೊಮ್ಮೆ ಕೇಳುತ್ತೇನೆ, ಖರೆ ಹೇಳು ಅನ್ನುತ್ತೇನೆ. ‘ಏನೂ ಇಲ್ಲ, ನೀ ಕ್ಲಾಸಿಗೆ ಹೋಗು, ಬಸ್ಸು ತಪ್ಪತತಿ’ ಎಂದು ಮೊಗ್ಗಿನ ಬಟ್ಟೆಯನ್ನು ಮಡಿಲಿಗೆ ಎಳೆದುಕೊಳ್ಳುತ್ತಾಳೆ. ನನ್ನ ಎದುರು ತನ್ನ ನೋವು ಹೇಳಿಕೊಳ್ಳಬಾರದು ಎಂಬುದನ್ನು ಅವಳಿಗೆ ನಾನೇ ಕಲಿಸಿದ್ದೇನೆ.