ಡೆಲ್ಮರ್ ಸ್ಕೋಗನ್ ಪೆಟ್ರೋಲ್ ಗಾಡಿ ಕೊಂಡದ್ದು

ಈ ಊರಿಗೆ ಬಂದ ಮೊದಲ ಚಳಿಗಾಲದಲ್ಲಿ, ಇಲ್ಲಿಯ ಜನ ಕಾಲಕ್ಕಿಂತ ಬಹಳ ಮುಂದೆ ಹೋಗಿಬಿಟ್ಟಿದ್ದಾರೆ ಎಂದು ನಾನು ನಂಬಿದ್ದೆ. ನಿಲ್ಲಿಸಿದ ಪಿಕಪ್ ಗಾಡಿಗಳ ಮೂತಿಯಿಂದ ಒಂದೊಂದು ವೈರು ಜೋತುಬಿದ್ದಿರುತ್ತಿತ್ತು. ಸಂಜೆಯಾದರೆ ಅದನ್ನು ಎಳೆದು ಗೋಡೆಯ ಪ್ಲಗ್ಗಿಗೆ ಚುಚ್ಚುತ್ತಿದ್ದರು. ಅಮೆರಿಕದ ಮಾಂಟಾನಾ ರಾಜ್ಯದ ಈ ಉತ್ತರದ ಅಂಚಿನಲ್ಲಿ, ಮನುಷ್ಯರಿಗಿಂತ ದನಗಳೇ ಹೆಚ್ಚಿರುವ ಕಡೆ, ಎಲ್ಲರೂ ಕರೆಂಟಿನ ಗಾಡಿ ಓಡಿಸುತ್ತಿದ್ದಾರಲ್ಲ ಎಂದು ಬೆರಗಾಯಿತು. ಆ ಬೆರಗನ್ನು ನನ್ನೊಳಗೇ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು. ಸಹಕಾರಿ ಅಂಗಡಿಯ ಹಿಂಬದಿಯ ಕಾಫಿ ಮೇಜಿನಲ್ಲಿ, ಎಂಟು ಹತ್ತು ಜನರ ಮುಂದೆ, ಬಾಯಿಬಿಟ್ಟು ಹೇಳಿಬಿಟ್ಟೆ.

ಮೂಲೆಯಲ್ಲಿ ಕೂತಿದ್ದ ಉದ್ದನೆಯ ಮನುಷ್ಯನೊಬ್ಬ ಲೋಟ ಕೆಳಗಿಟ್ಟ.

"ಅದು ಡೀಸೆಲ್ ಗಾಡಿ ಕಣಪ್ಪಾ," ಎಂದ. "ನಮ್ಮ ಚಳಿಗೆ ಇಂಜಿನ್ ಕಲ್ಲಾಗತ್ತೆ, ಡೀಸೆಲ್ಲು ಗಂಜಿ ಆಗತ್ತೆ. ವೈರು ಚುಚ್ಚಿಟ್ರೆ ಒಳಗೆ ಬೆಚ್ಚಗಿರತ್ತೆ. ಮುದುಕರ ಕಾಲಿಗೆ ಬಿಸಿನೀರಿನ ಚೀಲ ಇಡ್ತಾರಲ್ಲ, ಹಾಗೆ."

ಆಮೇಲೆ ಎದ್ದ ನಗು ಇನ್ನೂ ಪೂರ್ತಿ ಇಳಿದಿಲ್ಲ. ನಾನು ಇಲ್ಲಿ ಔಷಧಿ ಅಂಗಡಿ ಇಟ್ಟು ಇಪ್ಪತ್ತು ವರ್ಷ ದಾಟಿತು. ಆ ಮೇಜಿನಲ್ಲಿ ಈಗಲೂ ನನ್ನ ಹೆಸರು 'ಬ್ಯಾಟರಿ'. ಅವತ್ತು ನಗದೆ ವಿವರಿಸಿದವನು ಡೆಲ್ಮರ್ ಸ್ಕೋಗನ್.

ಹೊರಗಿನವರಿಗೆ ನಮ್ಮೂರಿನ ಇಗರ್ಜಿ ಒಂದೇ ಕಾಣಬಹುದು. ನಿಜವಾದ ಪಂಥಗಳು ಎರಡು, ಡೀಸೆಲ್ ಮತ್ತು ಪೆಟ್ರೋಲ್. ದನ ತುಂಬಿದ ಟ್ರೇಲರ್ ಎಳೆಯಲು ಯಾವುದು ಮೇಲು ಎನ್ನುವುದರ ಮೇಲೆ ಇಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ. ಡೀಸೆಲ್ ಪಂಥದ ಮಠಾಧಿಪತಿ ಹಾರ್ಲನ್ ಕ್ವಿಸ್ಟ್. ಗುಡ್ಡದ ಏರಿನಲ್ಲಿ ತನ್ನ ಗಾಡಿ ಎಷ್ಟು ದನ ಎಳೆಯಿತು ಎಂದು ಅವನು ಹೇಳುವಾಗ ದನಗಳ ಸಂಖ್ಯೆ ವರ್ಷವರ್ಷಕ್ಕೆ ಏರುತ್ತದೆ, ಗುಡ್ಡವೂ ಸ್ವಲ್ಪ ಬೆಳೆಯುತ್ತದೆ. ಇದೇ ಹಾರ್ಲನ್ ಒಂದು ಬೆಳಗ್ಗೆ ಪ್ಲಗ್ಗು ಕೀಳುವುದನ್ನು ಮರೆತು ಹೊರಟು, ವೈರನ್ನೂ ವೈರಿನ ತುದಿಗೆ ಕಿತ್ತುಬಂದ ಜಗುಲಿಯ ಹಲಗೆಯನ್ನೂ ದರದರ ಎಳೆದುಕೊಂಡು ಅಂಗಡಿಯವರೆಗೆ ಬಂದಿದ್ದ. ಇಲ್ಲಿ ಪ್ರತಿ ಚಳಿಗಾಲಕ್ಕೂ ಯಾರಾದರೊಬ್ಬರು ಹೀಗೆ ಬಾಲ ಬಿಟ್ಟುಕೊಂಡು ಬರುತ್ತಾರೆ. ಬಂದಾಗ ಮೇಜಿನವರೆಲ್ಲ ಎದ್ದು ಟೋಪಿ ತೆಗೆದು, ಹೆಣ ಹೋಗುವಾಗ ನಿಂತಂತೆ ನಿಲ್ಲಬೇಕು. ಅದು ಪದ್ಧತಿ. ಹಲಗೆಗೆ ಇನ್ನಷ್ಟು ಹೊತ್ತು ನಿಂತೆವು.

ಡೆಲ್ಮರ್ ಕೂಡ ಡೀಸೆಲ್ಲಿನವನೇ, ಹುಟ್ಟಿನಿಂದ ಎನ್ನಬಹುದು. ಆದರೆ ವಾದ ಮಾಡುತ್ತಿರಲಿಲ್ಲ. ಅವನಿಗೂ ಹೆಂಡತಿ ಆರ್ಲಿಸ್‌ಗೂ ಮಕ್ಕಳಿರಲಿಲ್ಲ. ದನಗಳಿದ್ದವು, ಬೇಸಿಗೆಯಲ್ಲಿ ಅವುಗಳನ್ನು ಟ್ರೇಲರಿಗೆ ತುಂಬಿ ಬೆಟ್ಟದ ಹುಲ್ಲುಗಾವಲಿಗೆ ಸಾಗಿಸುವ ಕೆಲಸವಿತ್ತು. ಮನೆಯ ಕೆಲಸ ಯಾರು ಯಾವಾಗ ಹಂಚಿದರೋ, ಕರು ಹಾಕಿಸುವುದು ಆರ್ಲಿಸ್‌ಳದು. ತೋಳಿನವರೆಗೆ ಕೈ ಹಾಕಿ, ಅಡ್ಡ ತಿರುಗಿದ ಕರುವಿನ ಕಾಲು ಹುಡುಕಿ ತೆಗೆಯುವುದರಲ್ಲಿ ಅವಳಂಥವರು ಈ ಸೀಮೆಯಲ್ಲಿಲ್ಲ. ವೈರು ಡೆಲ್ಮರನದು. ಸಂಜೆ ಊಟ ಮುಗಿಸಿ, ಟೋಪಿ ಹಾಕಿಕೊಂಡು ಹೊರಗೆ ಹೋಗಿ, ತನ್ನದಕ್ಕೂ ಅವಳದಕ್ಕೂ ಚುಚ್ಚಿ ಬರುತ್ತಿದ್ದ. ಬೆಳಗ್ಗೆ ಅವಳು ಏಳುವ ಮೊದಲೇ ಕಿತ್ತು, ಸುತ್ತಿ, ಅವಳ ಗಾಡಿಯ ಕನ್ನಡಿಗೆ ತೂಗುಹಾಕುತ್ತಿದ್ದ. ನಲವತ್ತು ಚಳಿಗಾಲ ಅವಳು ಕೀಲಿ ತಿರುಗಿಸಿದ್ದಾಳೆ, ಗಾಡಿ ಹೊರಟಿದೆ. ಅವಳು ಅದಕ್ಕೆ ಧನ್ಯವಾದ ಹೇಳಲಿಲ್ಲ, ಅವನು ಕಾಯಲಿಲ್ಲ.

ಹೋದ ಚಳಿಗಾಲ ಅವನ ಹೊಟ್ಟೆಯಲ್ಲಿ ಏನೋ ಬೆಳೆಯುತ್ತಿದೆ ಎಂದು ಗೊತ್ತಾಯಿತು. ಪರೀಕ್ಷೆಗೆಂದು ಅವನನ್ನು ದೂರದ ನಗರದ ಆಸ್ಪತ್ರೆಯಲ್ಲಿ ಇರಿಸಿಕೊಂಡರು. ಮದುವೆಯಾದ ಮೇಲೆ ಅವನು ಚಳಿಗಾಲದಲ್ಲಿ ಮನೆಯಿಂದ ಹೊರಗೆ ಮಲಗಿದ್ದು ಅದೇ ಮೊದಲು. ಅವನಿಲ್ಲದ ಆ ದಿನಗಳಲ್ಲೇ ಸೊನ್ನೆಗಿಂತ ಮೂವತ್ತು ಕೆಳಗೆ ಚಳಿ ಇಳಿಯಿತು, ಮತ್ತು ಒಂದು ಕಡಸು ಈಯಲಾರದೆ ಒದ್ದಾಡತೊಡಗಿತು. ಕರು ತೀರ ದೊಡ್ಡದು. ಆರ್ಲಿಸ್‌ಳ ಕೈಗೂ ಮೀರಿದ್ದು. ಹೊಟ್ಟೆ ಕೊಯ್ಯಲು ಪಟ್ಟಣದ ದನದ ಡಾಕ್ಟರರೇ ಬೇಕು. ಕಡಸನ್ನು ಹೇಗೋ ಟ್ರೇಲರಿಗೆ ಹತ್ತಿಸಿ, ಗಾಡಿಗೆ ಬಂದು ಕೀಲಿ ತಿರುಗಿಸಿದಳು. ಗಾಡಿ ಒಂದು ಸಲ ನರಳಿ ಸುಮ್ಮನಾಯಿತು. ಡೆಲ್ಮರನದೂ ಅಷ್ಟೆ. ಎರಡು ವೈರುಗಳೂ ಗಾಡಿಗಳ ಕನ್ನಡಿಗಳಲ್ಲಿ, ಅವನು ಆಸ್ಪತ್ರೆಗೆ ಹೋದ ಬೆಳಗ್ಗೆ ಸುತ್ತಿಟ್ಟಂತೆಯೇ ಇದ್ದವು.

ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಅದು ಅವಳ ಕೆಲಸವಾಗಿರಲಿಲ್ಲ, ಅಷ್ಟೆ. ಫೋನು ಮಾಡಿದಳು, ಹಾರ್ಲನ್ ತನ್ನ ಗಾಡಿ ತಂದ. ಅವನ ಪುಣ್ಯಕ್ಕೆ ಅವನ ಹೆಂಡತಿ ಚುಚ್ಚಿಟ್ಟಿದ್ದಳು. ಟ್ರೇಲರನ್ನು ಅವನ ಗಾಡಿಗೆ ಸಿಕ್ಕಿಸುವಷ್ಟರಲ್ಲಿ ಒಳಗಿನ ಸದ್ದು ನಿಂತಿತ್ತು.

ಡೆಲ್ಮರ್ ಮನೆಗೆ ಬಂದು ಎಲ್ಲವನ್ನೂ ಕೇಳಿಸಿಕೊಂಡ. ಸಂಜೆ ಟೋಪಿ ಹಾಕಿಕೊಂಡು ಹೊರಗೆ ಹೋದ. ಮುಂದಿನ ದಿನಗಳಲ್ಲಿ, ನಡೆಯಲು ಕಷ್ಟವಾದ ಮೇಲೂ, ಗೋಡೆ ಹಿಡಿದುಕೊಂಡು ಹೋಗುತ್ತಿದ್ದ ಎಂದು ಆರ್ಲಿಸ್ ನನ್ನ ಅಂಗಡಿಯಲ್ಲಿ ಹೇಳಿದಳು. ಅವನ ಮಾತ್ರೆಗಳನ್ನು ಕಟ್ಟಿಕೊಡುತ್ತಿದ್ದವನು ನಾನು. ಮಾತ್ರೆಯ ಬಲ ಏರುತ್ತಿದ್ದುದರಿಂದ ಉಳಿದದ್ದು ನನಗೆ ಗೊತ್ತಾಗುತ್ತಿತ್ತು. ನನಗೆ ಗೊತ್ತು ಎನ್ನುವುದು ಅವನಿಗೂ ಗೊತ್ತಿತ್ತು. ನಾವು ಹವಾಮಾನದ ಬಗ್ಗೆ ಮಾತಾಡುತ್ತಿದ್ದೆವು.

ವಸಂತದಲ್ಲಿ ಅವನು ಇದ್ದ ಎರಡೂ ಗಾಡಿಗಳನ್ನು ಕೊಟ್ಟು ಒಂದು ಹೊಸದನ್ನು ತರುವುದೆಂದು ಹೊರಟ. ಮುಂದೆಯೂ ಆರ್ಲಿಸ್ ಅಲ್ಲಿಯೇ ಇರುವವಳು, ದನಗಳೊಂದಿಗೆ. ಅದನ್ನು ಅವಳು ಮೊದಲೇ ಹೇಳಿಬಿಟ್ಟಿದ್ದಳು. ಹಾಗಾದರೆ ಟ್ರೇಲರ್ ಎಳೆಯುವವಳೂ ಅವಳೇ, ಒಬ್ಬಳೇ. ಅವನಿಗೆ ಉಳಿದಿದ್ದ ಕೆಲಸ ಅದೊಂದೇ, ಅವಳಿಗೆ ಸರಿಯಾದ ಗಾಡಿ ಆರಿಸಿಕೊಡುವುದು. ನನ್ನನ್ನೂ ಕರೆದ.

"ನಾನ್ಯಾಕೋ? ನನಗೇನು ಗೊತ್ತಾಗತ್ತೆ?"

"ಏನೂ ಗೊತ್ತಾಗಲ್ಲ. ಟ್ರೇಲರಲ್ಲಿ ಆರೇ ಹಸು ಹಾಕಿದೀನಿ, ಭಾರ ಸಾಲಲ್ಲ. ಬಾ ಬ್ಯಾಟರಿ."

ಗಾಡಿ ಮಾರುವ ಹುಡುಗ ಹೊಳೆಯುವ ಬೂಟು ಹಾಕಿಕೊಂಡು, ಡೀಸೆಲ್ಲಿನ ಎಳೆಯುವ ಶಕ್ತಿಯನ್ನು ತಾನೇ ಹೆತ್ತವನಂತೆ ಬಣ್ಣಿಸಿದ. ಡೆಲ್ಮರ್ ಕೊನೆಯವರೆಗೆ ಕೇಳಿ, "ಟ್ರೇಲರ್ ಕಟ್ಟು" ಎಂದ. ಒಂದು ಡೀಸೆಲ್, ಒಂದು ಪೆಟ್ರೋಲ್, ಎರಡು ಹೊಸ ಗಾಡಿಗಳನ್ನೂ, ಒಂದಾದ ಮೇಲೊಂದು, ಊರಾಚೆಯ ಉದ್ದನೆಯ ಏರಿನಲ್ಲಿ ಆರ್ಲಿಸ್ ಓಡಿಸಿದಳು. ಅವನು ಪಕ್ಕದಲ್ಲಿ, ಭಾರವಾಗಿ ನಾನು ಹಿಂದೆ.

ಡೀಸೆಲ್ ಗಾಡಿ ಹಿಂದೆ ಏನೂ ಇಲ್ಲವೆಂಬಂತೆ ಏರಿತು. ಗೊರ್ ಎನ್ನುವ ಒಂದೇ ದನಿ, ತುದಿ ಬಂದದ್ದೇ ತಿಳಿಯಲಿಲ್ಲ. ಪೆಟ್ರೋಲಿನದು ಅರ್ಧ ಏರಿಗೇ ಕಿರುಚತೊಡಗಿತು. ಗೇರು ಇಳಿಸಿ, ಮತ್ತೆ ಇಳಿಸಿ, ನಮ್ಮನ್ನು ಒಂದು ಹುಲ್ಲಿನ ಲಾರಿ ದಾಟಿಹೋಗುವಷ್ಟು ನಿಧಾನವಾಗಿ ತುದಿ ಸೇರಿತು. ಆರ್ಲಿಸ್ ಅಲ್ಲೇ ಬದಿಗೆ ನಿಲ್ಲಿಸಿದಳು.

"ಕೇಳಿಸ್ತಲ್ಲ, ಹೆರಿಗೆ ನೋವಲ್ಲಿ ಕೂಗೋ ಹಾಗೆ ಕೂಗ್ತು. ಆ ಡೀಸೆಲ್ಲೇ ಸಾಕು."

"ಇದೂ ಮೇಲೆ ಬಂತಲ್ಲ," ಎಂದ ಡೆಲ್ಮರ್.

"ಬೆಟ್ಟದ ದಾರಿ ಇದರ ಮೂರರಷ್ಟಿದೆ."

"ಮೂರರಷ್ಟು ಹೊತ್ತು ಹಿಡಿಯತ್ತೆ. ಬೆಟ್ಟಕ್ಕೆ ವರ್ಷಕ್ಕೆರಡು ಸಲ ಹೋಗ್ತೀಯ ಆರ್ಲಿಸ್. ಚಳಿ ಆರು ತಿಂಗಳು."

ಅವಳು ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ನೋಡುತ್ತ ಕೂತಳು. ಹಿಂದೆ ಹಸುಗಳು ಕಾಲು ಬದಲಿಸಿದಾಗ ಗಾಡಿಯೆಲ್ಲ ಸ್ವಲ್ಪ ಅಲುಗಿತು.

"ಒಂದ್ಸಲ ಮರೆತೆ," ಎಂದಳು. "ಒಂದೇ ಸಲ. ಇನ್ನು ಮರೆಯಲ್ಲ. ನನಗೂ ಕೈ ಇದೆ, ನಾನೇ ಚುಚ್ಕೋತೀನಿ."

"ಗೊತ್ತು."

"ಮತ್ತೆ?"

"ಕರು ಹಾಕೋ ಕಾಲದಲ್ಲಿ ನೀನು ಒಳಗೆ ಬಂದು ಬೂಟು ಬಿಚ್ಚದೇ ನಿದ್ದೆ ಹೋಗ್ತೀಯ. ಪ್ರತಿ ವರ್ಷ ನಾನೇ ಬಿಚ್ಚಿರೋದು. ಅಂಥ ಹೊತ್ತಲ್ಲಿ ಯಾವ ವೈರು ನೆನಪಿರತ್ತೆ? ಇದಕ್ಕೆ ವೈರು ಬೇಡ, ಬೈಕೊಂಡಾದ್ರೂ ಹೊರಡತ್ತೆ."

"ನೀನು ಸತ್ತೇ ಹೋದೆ ಅನ್ನೋ ಹಾಗೆ ಗಾಡಿ ತಗೋತಿದೀಯ ಡೆಲ್ಮರ್."

"ಹೂಂ," ಎಂದ ಅವನು.

ನಾನು ಕಿಟಕಿಯಾಚೆ ನೋಡಿದೆ. ಭಾರಕ್ಕೆ ಬಂದವನು ಭಾರವಾಗಿಯೇ ಇರಬೇಕು. ಆರ್ಲಿಸ್ ಮೂಗು ಒರೆಸಿಕೊಂಡು, ಇಷ್ಟು ಕೂಗುವ ಗಾಡಿಗೆ ಕನ್ನಡಿಯಾದರೂ ದೊಡ್ಡದು ಹಾಕಿಸಿಕೊಡಲು ಆ ಹುಡುಗನಿಗೆ ಹೇಳು, ಹಿಂದಿನ ಟ್ರೇಲರ್ ಅರ್ಧವೇ ಕಾಣುತ್ತದೆ ಎಂದಳು. ಅವನು ಹೇಳಿದ. ಹಾಕಿಸಿದರು.

ಮಾರನೆಯ ದಿನ ಅವನು ಆ ಗಾಡಿಯಲ್ಲೇ ಕಾಫಿಗೆ ಬಂದ. ಆರ್ಲಿಸ್ ಅವನನ್ನು ಇಳಿಸಿ, ಗಾಡಿ ಕಿಟಕಿಯ ಹೊರಗೆ ನಿಲ್ಲಿಸಿ ಮೇವು ತರಲು ಹೋದಳು. ಮೇಜಿನವರೆಲ್ಲ ಕಿಟಕಿಗೆ ಮುಗಿಬಿದ್ದು ಗಾಡಿಯ ಮೂತಿ ನೋಡಿದರು. ವೈರಿರಲಿಲ್ಲ. ಪೆಟ್ರೋಲ್ ಪಂಥದವರಿಗೆ ಗೆದ್ದೆವೆಂದು ಕೂಗುವ ಆಸೆ ಬಾಯಿಯವರೆಗೆ ಬಂದಿತ್ತು. ಡೆಲ್ಮರ್ ಕುರ್ಚಿಯ ಬೆನ್ನು ಹಿಡಿದು ಕೂರುವುದಕ್ಕೆ ತೆಗೆದುಕೊಂಡ ಹೊತ್ತು ನೋಡಿ ನುಂಗಿಕೊಂಡರು. ಅವನ ಅಂಗಿಯ ಕಾಲರಿನೊಳಗೆ ಇನ್ನೊಂದು ಕತ್ತು ಹಿಡಿಯುವಷ್ಟು ಜಾಗವಿತ್ತು.

ಹಾರ್ಲನ್‌ಗೆ ಮಾತ್ರ ತಡೆಯಲಾಗಲಿಲ್ಲ. ಸತ್ತ ಕಡಸನ್ನು ಟ್ರೇಲರಿನಿಂದ ಎಳೆದು ಇಳಿಸಿದವನು ಅವನೇ. ಎಲ್ಲವೂ ಅವನಿಗೆ ಗೊತ್ತಿತ್ತು. ಆದರೆ ಪಂಥದ ಮಾನ ಹೋಗುತ್ತಿರುವಾಗ ಗೊತ್ತಿದ್ದದ್ದೂ ಅವನಿಗೆ ಮರೆತುಹೋಗುತ್ತದೆ.

"ನೀನೂ ಕೈಬಿಟ್ಟೆಯಲ್ಲೋ," ಎಂದ. "ನಲವತ್ತು ವರ್ಷದ ಡೀಸೆಲ್ಲು. ಅದು ಏರಲ್ಲಿ ಹಂದಿ ಹಾಗೆ ಕಿರುಚಿದ್ದು ನಮ್ಮನೆವರೆಗೂ ಕೇಳಿಸ್ತು."

"ಕೇಳಿಸಿರತ್ತೆ."

"ಹೋಗ್ಲಿ, ಗಾಡಿ ಮಾತು ಬಿಡು. ಒಂದು ಅಭ್ಯಾಸ ಅಂತ ಇರತ್ತಲ್ಲ ಮನುಷ್ಯನಿಗೆ. ಚುಚ್ಚೋಕೆ ವೈರೇ ಇಲ್ದೆ, ಬರೋ ಚಳಿಗಾಲ ಸಂಜೆ ಊಟ ಆದ್ಮೇಲೆ ಏನ್ ಮಾಡ್ತೀಯ ನೀನು?"

ಡೆಲ್ಮರ್ ಲೋಟದೊಳಗೆ ಚಮಚ ತಿರುಗಿಸುತ್ತಿದ್ದ. ತಲೆ ಎತ್ತಿ ಹಾರ್ಲನ್‌ನ ಮುಖ ನೋಡಿದ.

"ಸತ್ತಿರ್ತೀನಿ ಹಾರ್ಲನ್. ಸಕ್ಕರೆ ಈ ಕಡೆ ತಳ್ಳು."